ಹೆಡ್‌ಲೈಟ್ ಮಂಕಾಗಿದೆಯೇ? ಹೊಸ ಬಲ್ಬ್ ಕೊಳ್ಳುವ ಮೊದಲು ಮಾಡಬೇಕಾದ ಕೆಲಸಗಳು

ನಗರದೊಳಗೆ ಬೀದಿದೀಪಗಳ ನಡುವೆ ಓಡಾಡುವಾಗ ನಮ್ಮ ಕಾರಿನ ಹೆಡ್‌ಲೈಟ್ ಎಷ್ಟು ಮಂಕಾಗಿದೆ ಎಂಬುದು ಗೊತ್ತಾಗುವುದೇ ಇಲ್ಲ. ನೆಲಮಂಗಲ ದಾಟಿ ಕುಣಿಗಲ್ ಕಡೆಗೆ ಹೊರಳಿದ ಮೇಲೋ, ಕನಕಪುರ ರಸ್ತೆಯಲ್ಲಿ ಹಾರೋಹಳ್ಳಿ ಬಿಟ್ಟು ಮುಂದೆ ಹೋದ ಮೇಲೋ, ರಸ್ತೆಯಂಚಿನ ಬಿಳಿ ಗೆರೆ ಕಾಣದಾದಾಗ, ಹಿಂದೆ ದೀಪವಿಲ್ಲದ ಟ್ರ್ಯಾಕ್ಟರ್ ತೀರ ಹತ್ತಿರಕ್ಕೆ ಬಂದ ಮೇಲಷ್ಟೇ ಕಣ್ಣಿಗೆ ಬಿದ್ದಾಗ, ಎದೆ ಝಲ್ಲೆನ್ನುತ್ತದೆ. ಮರುದಿನವೇ ಬೆಂಗಳೂರಿನಲ್ಲಿ ವಾಹನಗಳ ಬಿಡಿಭಾಗ ಸಿಗುವ ಜೆ.ಸಿ. ರಸ್ತೆಗೆ ಹೋಗಿ ಇನ್ನಷ್ಟು ಪ್ರಖರವಾದ ಬಲ್ಬ್ ಹಾಕಿಸಿಬಿಡೋಣ ಎನ್ನಿಸುತ್ತದೆ. ನಾನೂ ಹಾಗೆಯೇ ಮಾಡಿದ್ದೆ. ಹನ್ನೊಂದು ವರ್ಷ ಹಳೆಯ ಹ್ಯಾಚ್‌ಬ್ಯಾಕ್ ಕಾರಿಗೆ 100/90 ವಾಟ್‌ನ (ಹೈಬೀಮ್‌ಗೆ 100, ಡಿಮ್‌ಗೆ 90) ಬಲ್ಬ್ ಹಾಕಿಸಿದ ಎರಡೇ ತಿಂಗಳಲ್ಲಿ ಬಲಗಡೆಯ ಹೋಲ್ಡರ್ ಕರಗಿ, ಹಾಸನದಿಂದ ಬೆಂಗಳೂರಿನವರೆಗೆ ಒಂದೇ ದೀಪದಲ್ಲಿ ಬರಬೇಕಾಯಿತು. ಹೋಲ್ಡರ್ ಕಳಚಿ ನೋಡಿದಾಗ ಅದರ ಮೂರು ಸೀಳುಗಳಲ್ಲಿ ಒಂದು ಕಂದುಬಣ್ಣಕ್ಕೆ ತಿರುಗಿ, ಪ್ಲಾಸ್ಟಿಕ್ ಗುಳ್ಳೆಯೆದ್ದು ಪಿನ್ನಿಗೆ ಅಂಟಿಕೊಂಡಿತ್ತು.

ಬೆಳಕು ಬಲ್ಬ್‌ನಲ್ಲಿ ಹುಟ್ಟುವುದು ನಿಜ. ಆದರೆ ಆ ಬಲ್ಬ್‌ಗೆ ವಿದ್ಯುತ್ ತರುವ ವೈರು, ಬೆಳಕು ಹೊರಬರುವ ಹೊದಿಕೆ, ಅದು ರಸ್ತೆಯ ಮೇಲೆ ಬೀಳುವ ಕೋನ, ಈ ಮೂರೂ ಕಡೆ ಅದು ಸೋರಿಹೋಗುತ್ತಿರುತ್ತದೆ. ಸೋರಿಕೆಯನ್ನು ಮೊದಲು ನಿಲ್ಲಿಸಿದರೆ, ಎಷ್ಟೋ ಕಾರುಗಳಲ್ಲಿ ಕಂಪನಿ ಕೊಟ್ಟ ಸಾಮರ್ಥ್ಯದ ಬಲ್ಬೇ ಸಾಕಾಗುತ್ತದೆ.

ಮೊದಲು ಹೊದಿಕೆ

ಇಂದಿನ ಹೆಡ್‌ಲೈಟ್‌ಗಳ ಮುಂಭಾಗ ಗಾಜಿನದ್ದಲ್ಲ, ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್‌ನದು. ಅದರ ಮೇಲಿರುವ ರಕ್ಷಣಾ ಲೇಪ ಬಿಸಿಲಿನ ಅತಿನೇರಳೆ ಕಿರಣಗಳಿಗೆ ಸವೆದಂತೆ ಪ್ಲಾಸ್ಟಿಕ್ ಹಳದಿಯಾಗುತ್ತದೆ, ಮೇಲ್ಮೈ ಒರಟಾಗುತ್ತದೆ. ವರ್ಷಗಟ್ಟಲೆ ರಸ್ತೆಬದಿಯಲ್ಲಿ ನಿಲ್ಲುವ ಕಾರುಗಳಲ್ಲಿ ಇದು ಬೇಗ ಕಾಣಿಸಿಕೊಳ್ಳುತ್ತದೆ.

ಸುತ್ತಲಿನ ಬಣ್ಣಕ್ಕೆ ಗೀರು ಬೀಳದಂತೆ ಮಾಸ್ಕಿಂಗ್ ಟೇಪ್ ಎರಡು ಪದರ ಅಂಟಿಸಿ, ನೀರಿನಲ್ಲಿ ನೆನೆಸಿ ಉಜ್ಜುವ ಉಪ್ಪುಕಾಗದವನ್ನು 800, 1500, 2000, ಕೊನೆಗೆ 3000 ನಂಬರಿನ ಕ್ರಮದಲ್ಲಿ ಬಳಸಬೇಕು. ಮೊದಲ ಸುತ್ತಿನಲ್ಲಿ ಇಳಿಯುವ ನೀರು ಅರಿಸಿನ ಕದಡಿದ ಹಾಲಿನಂತೆ ಇರುತ್ತದೆ. ಅದು ಬರಿಯ ಬಿಳಿಯಾಗುವವರೆಗೆ ಮುಂದಿನ ನಂಬರಿಗೆ ಹೋಗಬಾರದು. ಈ ಹಂತದಲ್ಲಿ ಹೊದಿಕೆ ಮೊದಲಿಗಿಂತಲೂ ಮಬ್ಬಾಗಿ ಕಂಡು ಗಾಬರಿಯಾಗುವುದು ಸಹಜ. ಕೊನೆಯ ಕಾಗದದ ನಂತರ ಪಾಲಿಷ್ ಕಾಂಪೌಂಡ್ ಹಚ್ಚಿ ಮೆತ್ತನೆಯ ಬಟ್ಟೆಯಿಂದ ತಿಕ್ಕಿದಾಗ ಅದು ತಿಳಿಯಾಗುತ್ತದೆ. ಅತಿನೇರಳೆ ಕಿರಣ ತಡೆಯುವ ಪಾರದರ್ಶಕ ಲೇಪವನ್ನು ಕಡೆಯಲ್ಲಿ ಹಚ್ಚಲೇಬೇಕು, ಏಕೆಂದರೆ ಹಳೆಯ ಲೇಪವನ್ನು ನಾವೇ ಉಜ್ಜಿ ತೆಗೆದಿರುತ್ತೇವೆ; ಹಾಗೇ ಬಿಟ್ಟರೆ ಕೆಲವೇ ತಿಂಗಳಲ್ಲಿ ಹಳದಿ ಮರಳುತ್ತದೆ. ಟೂತ್‌ಪೇಸ್ಟ್ ಹಚ್ಚಿ ಉಜ್ಜುವ ಉಪಾಯ ಹೊಳಪನ್ನಷ್ಟೇ ಕೊಡುತ್ತದೆ, ಬಾಳಿಕೆಯನ್ನಲ್ಲ. ಮಬ್ಬು ಒಳಗಿನಿಂದ ಬಂದಿದ್ದರೆ ಅಥವಾ ಬಲ್ಬ್‌ನ ಹಿಂದಿರುವ ಕನ್ನಡಿಯಂಥ ರಿಫ್ಲೆಕ್ಟರ್‌ನ ಹೊಳಪೇ ಎದ್ದುಹೋಗಿದ್ದರೆ ಇಡೀ ಹೆಡ್‌ಲೈಟ್ ಬದಲಿಸುವುದೊಂದೇ ದಾರಿ.

ಬಲ್ಬ್‌ಗೆ ಎಷ್ಟು ವೋಲ್ಟ್ ಸಿಗುತ್ತಿದೆ?

ಈ ಪ್ರಶ್ನೆಯನ್ನು ಕೇಳುವವರು ಕಡಿಮೆ, ಆದರೆ ಹಳೆಯ ಕಾರುಗಳಲ್ಲಿ ಅತಿ ಹೆಚ್ಚು ಬೆಳಕು ನಷ್ಟವಾಗುವುದು ಇಲ್ಲಿಯೇ ಎಂಬುದು ನನ್ನ ಅನುಭವ. ತಂತಿ ಕಾದು ಬೆಳಗುವ ಹ್ಯಾಲೊಜೆನ್ ಬಲ್ಬ್‌ನ ಬೆಳಕು ವೋಲ್ಟೇಜ್‌ನ ಜೊತೆ ಸಮಸಮವಾಗಿ ಇಳಿಯುವುದಿಲ್ಲ. ವೋಲ್ಟೇಜ್ ಶೇ 10ರಷ್ಟು ಕುಸಿದರೆ ಬೆಳಕು ಸುಮಾರು ಶೇ 30ರಷ್ಟು ಕುಸಿಯುತ್ತದೆ. ಸಾಮಾನ್ಯ 60/55 ವಾಟ್‌ನ ಎಚ್4 ಬಲ್ಬ್ (ಹೈಬೀಮ್, ಡಿಮ್ ಎರಡೂ ಒಂದರಲ್ಲೇ ಇರುವಂಥದ್ದು) ಹೈಬೀಮ್‌ನಲ್ಲಿ ಸುಮಾರು 1650, ಡಿಮ್‌ನಲ್ಲಿ ಸುಮಾರು 1000 ಲ್ಯೂಮೆನ್ ಬೆಳಕು ಕೊಡುತ್ತದೆ ಎಂದು ಹೇಳುವುದು 13.2 ವೋಲ್ಟ್ ಸಿಕ್ಕಾಗಿನ ಲೆಕ್ಕ. ಅಷ್ಟು ಸಿಗುತ್ತಿದೆಯೇ ಎಂಬುದನ್ನು ಅಳೆದೇ ತಿಳಿಯಬೇಕು.

ಎಂಜಿನ್ ಚಾಲೂ ಮಾಡಿ, ಹೆಡ್‌ಲೈಟ್ ಹಾಕಿ, ಮಲ್ಟಿಮೀಟರ್‌ನಿಂದ ಮೊದಲು ಬ್ಯಾಟರಿಯ ಎರಡು ತುದಿಗಳ ನಡುವೆ ಅಳೆಯಿರಿ. ಆಮೇಲೆ, ಬಲ್ಬ್ ಉರಿಯುತ್ತಿರುವಾಗಲೇ, ಹೋಲ್ಡರ್‌ನ ಹಿಂಬದಿಯಿಂದ ಮೀಟರ್‌ನ ಮೊನೆಗಳನ್ನು ಒಂದಕ್ಕೊಂದು ತಗುಲದಂತೆ ಸೇರಿಸಿ ಅಳೆಯಿರಿ. ನನ್ನ ಕಾರಿನಲ್ಲಿ ಬ್ಯಾಟರಿಯ ಬಳಿ 13.9 ಇದ್ದದ್ದು ಬಲ್ಬ್‌ನ ಬಳಿ 12.3ಕ್ಕೆ ಇಳಿದಿತ್ತು. ಸ್ಟಿಯರಿಂಗ್ ಬಳಿಯ ಸ್ವಿಚ್ಚಿನವರೆಗೆ ಹೋಗಿ ಬರುವ ತೆಳು ವೈರು, ಸವೆದ ಸ್ವಿಚ್ಚು, ತುಕ್ಕು ಹಿಡಿದ ಅರ್ಥಿಂಗ್, ಎಲ್ಲವೂ ಸ್ವಲ್ಪಸ್ವಲ್ಪ ತಿಂದುಹಾಕಿದ್ದವು. ವ್ಯತ್ಯಾಸ ಅರ್ಧ ವೋಲ್ಟ್‌ಗಿಂತ ಕಡಿಮೆ ಇದ್ದರೆ ವೈರಿಂಗ್ ಮುಟ್ಟುವ ಅಗತ್ಯವಿಲ್ಲ. ಹೆಚ್ಚಿದ್ದರೆ, ಅರ್ಥಿಂಗ್ ವೈರು ಬಾಡಿಗೆ ಸೇರುವ ಬೋಲ್ಟ್ ಬಿಚ್ಚಿ, ತುಕ್ಕನ್ನು ಉಜ್ಜಿ ತೆಗೆದು, ಬಿಗಿಯಾಗಿ ಕೂರಿಸಿ ಮತ್ತೊಮ್ಮೆ ಅಳೆಯಿರಿ. ಆಗಲೂ ಸರಿಹೋಗದಿದ್ದರೆ ರಿಲೇ ಕಿಟ್ ಹಾಕಬೇಕು.

ರಿಲೇ ಎಂದರೆ, ಸಣ್ಣ ವಿದ್ಯುತ್ತಿನ ಅಪ್ಪಣೆಯ ಮೇರೆಗೆ ದೊಡ್ಡ ವಿದ್ಯುತ್ತನ್ನು ಹರಿಯಬಿಡುವ ಸ್ವಿಚ್ಚು. ಇದನ್ನು ಹಾಕಿದ ಮೇಲೆ ಹಳೆಯ ವೈರು ಅಪ್ಪಣೆ ಕೊಡುವ ಕೆಲಸವನ್ನಷ್ಟೇ ಮಾಡುತ್ತದೆ. ಬಲ್ಬ್‌ಗೆ ಬೇಕಾದ ವಿದ್ಯುತ್ತು ದಪ್ಪನೆಯ ವೈರಿನಲ್ಲಿ ಬ್ಯಾಟರಿಯಿಂದ ನೇರವಾಗಿ ಬರುತ್ತದೆ. ಎರಡು 60 ವಾಟ್ ಬಲ್ಬ್‌ಗಳು 12 ವೋಲ್ಟ್‌ನಲ್ಲಿ ಎಳೆಯುವುದು 10 ಆಂಪಿಯರ್. ಆದ್ದರಿಂದ ಡಿಮ್‌ಗೊಂದು, ಹೈಬೀಮ್‌ಗೊಂದು 30 ಆಂಪಿಯರ್‌ನ ರಿಲೇ, 2.5 ಚದರ ಮಿಲಿಮೀಟರ್ ದಪ್ಪದ ತಾಮ್ರದ ವೈರು, ಪ್ರತಿ ರಿಲೇಗೆ 15 ಅಥವಾ 20 ಆಂಪಿಯರ್‌ನ ಫ್ಯೂಸ್ ಸಾಕು. ಬ್ಯಾಟರಿಯ ನೆಗೆಟಿವ್ ಕಳಚಿದ ಮೇಲೆಯೇ ಕೆಲಸ ಆರಂಭಿಸಿ. ಬ್ಯಾಟರಿಯ ಪಾಸಿಟಿವ್‌ನಿಂದ ಹೊರಟ ವೈರು ಫ್ಯೂಸ್ ದಾಟಿ ರಿಲೇಯ 30ನೇ ಪಿನ್ನಿಗೆ ಬರಬೇಕು. 87ನೇ ಪಿನ್ನಿನಿಂದ ಬಲ್ಬ್‌ಗೆ ಹೋಗಬೇಕು. ಹಳೆಯ ಹೋಲ್ಡರ್‌ನಿಂದ ಬರುವ ಅಪ್ಪಣೆಯ ವೈರುಗಳು 85 ಮತ್ತು 86ಕ್ಕೆ ಸೇರಬೇಕು. ಫ್ಯೂಸ್ ಬ್ಯಾಟರಿಗೆ ಆದಷ್ಟು ಹತ್ತಿರವಿರಲಿ, ಏಕೆಂದರೆ ಫ್ಯೂಸ್‌ಗಿಂತ ಹಿಂದಿನ ವೈರು ಎಲ್ಲಾದರೂ ಉಜ್ಜಿ ಬಾಡಿಗೆ ತಗುಲಿದರೆ ಬೆಂಕಿಯನ್ನು ತಡೆಯುವವರು ಯಾರೂ ಇರುವುದಿಲ್ಲ. ಎಚ್4 ಬಲ್ಬ್‌ಗೆ ಸಿದ್ಧಪಡಿಸಿದ ಕಿಟ್ ಅಂಗಡಿಗಳಲ್ಲಿ ಸಿಗುವುದರಿಂದ, ಕಂಪನಿಯ ವೈರನ್ನು ಕತ್ತರಿಸಲು ಬರುವ ಎಲೆಕ್ಟ್ರಿಷಿಯನ್‌ಗೆ ಬೇಡವೆನ್ನಿ. ಬಲ್ಬ್ ಕೆಟ್ಟರೆ ಡ್ಯಾಶ್‌ಬೋರ್ಡ್‌ನಲ್ಲಿ ತಾನೇ ಸೂಚನೆ ಕೊಡುವಂಥ ಹೊಸ ಕಾರಾದರೆ ಈ ಕೆಲಸಕ್ಕೆ ಕೈ ಹಾಕದೆ ಸರ್ವಿಸ್ ಸೆಂಟರ್‌ನವರನ್ನೇ ಕೇಳುವುದು ಕ್ಷೇಮ.

ಈಗ ಬಲ್ಬ್

ಅದೇ 60/55 ವಾಟ್‌ನಲ್ಲಿ ರಸ್ತೆಯ ಮೇಲೆ ಹೆಚ್ಚು ಬೆಳಕು ಬೀಳುವಂತೆ ತಂತಿಯನ್ನು ಸೂಕ್ಷ್ಮವಾಗಿ ರೂಪಿಸಿದ ಹ್ಯಾಲೊಜೆನ್ ಬಲ್ಬ್‌ಗಳಿವೆ. ಅವುಗಳ ಆಯಸ್ಸು ಕಡಿಮೆ, ಆದರೆ ರಾತ್ರಿ ಪ್ರಯಾಣ ಹೆಚ್ಚಿರುವವರಿಗೆ ನಾನು ಹೇಳುವುದು ಅವನ್ನೇ. ನೀಲಿ ಛಾಯೆಯ ಗಾಜಿನವು ನೋಡಲು ಬೆಳ್ಳಗೆ ಕಂಡರೂ ಆ ನೀಲಿ ಬಣ್ಣವೇ ಒಂದಷ್ಟು ಬೆಳಕನ್ನು ತಡೆದುಬಿಡುತ್ತದೆ. ಬಲ್ಬ್‌ಗಳನ್ನು ಜೋಡಿಯಾಗಿಯೇ ಬದಲಿಸಿ. ಗಾಜನ್ನು ಬರಿಗೈಯಲ್ಲಿ ಮುಟ್ಟಬೇಡಿ. ಬೆರಳಿನ ಜಿಡ್ಡು ಅಂಟಿದ ಜಾಗ ಅತಿಯಾಗಿ ಕಾದು ಬಲ್ಬ್ ಬೇಗ ಹೋಗುತ್ತದೆ.

ಹ್ಯಾಲೊಜೆನ್ ರಿಫ್ಲೆಕ್ಟರ್‌ಗೆ ಎಲ್‌ಇಡಿ ಬಲ್ಬ್ ಸಿಕ್ಕಿಸುವುದನ್ನು ನಾನು ಬಲವಾಗಿ ವಿರೋಧಿಸುತ್ತೇನೆ. ರಿಫ್ಲೆಕ್ಟರ್‌ನ ಪ್ರತಿ ವಕ್ರರೇಖೆಯೂ ಹ್ಯಾಲೊಜೆನ್ ಬಲ್ಬ್‌ನ ಕೂದಲೆಳೆಯಂಥ ತಂತಿ ಎಲ್ಲಿರುತ್ತದೆ ಎಂಬುದನ್ನು ಲೆಕ್ಕ ಹಾಕಿ ಮಾಡಿದ್ದು. ಎಲ್‌ಇಡಿಯ ಚಿಪ್‌ಗಳ ಆಕಾರವೂ ಸ್ಥಾನವೂ ಬೇರೆಯಾದ್ದರಿಂದ ಬೆಳಕು ಚೆದುರುತ್ತದೆ. ಕಾರಿನ ಮುಂದಿನ ಹತ್ತಿಪ್ಪತ್ತು ಅಡಿ ಹಗಲಿನಂತೆ ಬೆಳಗಿ ಖುಷಿ ಕೊಡುತ್ತದೆ, ಆದರೆ ದೂರದ ರಸ್ತೆ ಕತ್ತಲಾಗಿಯೇ ಉಳಿಯುತ್ತದೆ. ಚೆದುರಿದ ಉಳಿದ ಬೆಳಕು ಎದುರಿನ ಬೈಕ್ ಸವಾರನ ಕಣ್ಣಿಗೆ ಹೋಗುತ್ತದೆ. ಎಲ್‌ಇಡಿಯೇ ಬೇಕೆಂದರೆ, ಅದೇ ಮಾಡೆಲ್‌ನ ಮೇಲಿನ ವೇರಿಯಂಟ್‌ಗೆ ಕಂಪನಿಯೇ ಕೊಟ್ಟ ಪೂರ್ತಿ ಹೆಡ್‌ಲೈಟ್ ನಿಮ್ಮ ಕಾರಿಗೆ ಹೊಂದುತ್ತದೆಯೇ ಎಂದು ವಿಚಾರಿಸಿ. ಹೊರದೇಶದ ಹೆಡ್‌ಲೈಟ್ ತರಿಸುವವರು ಇನ್ನೊಂದು ವಿಷಯ ಗಮನಿಸಬೇಕು. ನಮ್ಮಲ್ಲಿ ಎಡಬದಿಯಲ್ಲಿ ಚಲಿಸುವುದರಿಂದ ಡಿಮ್ ಬೆಳಕಿನ ಅಂಚು ಎಡಕ್ಕೆ ಮೇಲೇರಿ ರಸ್ತೆಬದಿಯನ್ನು ತೋರಿಸುತ್ತದೆ. ಬಲಬದಿಯಲ್ಲಿ ಚಲಿಸುವ ದೇಶಗಳ ಹೆಡ್‌ಲೈಟ್‌ನಲ್ಲಿ ಅದು ಬಲಕ್ಕೆ ಏರಿ, ನೇರವಾಗಿ ಎದುರಿನ ಚಾಲಕನ ಮುಖಕ್ಕೆ ಹೊಡೆಯುತ್ತದೆ.

ಕೋನ ಹೊಂದಿಸುವುದು

ಅಪಾರ್ಟ್‌ಮೆಂಟ್‌ನ ಬೇಸ್‌ಮೆಂಟ್ ಪಾರ್ಕಿಂಗ್ ಇದಕ್ಕೆ ಹೇಳಿಮಾಡಿಸಿದ ಜಾಗ: ನೆಲ ಸಮತಟ್ಟು, ಎದುರಿಗೆ ಬಿಳಿ ಗೋಡೆ. ಟೈರುಗಳಿಗೆ ಸರಿಯಾಗಿ ಗಾಳಿ ತುಂಬಿಸಿ, ಚಾಲಕನ ಸೀಟಿನಲ್ಲಿ ಒಬ್ಬರನ್ನು ಕೂರಿಸಿ, ದೀಪದ ಕೋನವನ್ನು ತಗ್ಗಿಸುವ, ಡ್ಯಾಶ್‌ಬೋರ್ಡ್‌ನ ಲೆವೆಲಿಂಗ್ ಗುಂಡಿಯನ್ನು 0ಗೆ ಇಡಿ. ನೆಲದಿಂದ ಹೆಡ್‌ಲೈಟ್‌ನ ನಡುಬಿಂದುವಿನ ಎತ್ತರ ಅಳೆದು, ಅಷ್ಟೇ ಎತ್ತರದಲ್ಲಿ ಗೋಡೆಗೆ ಟೇಪ್ ಅಂಟಿಸಿ. ಗೋಡೆಯಿಂದ 10 ಮೀಟರ್ ದೂರದಲ್ಲಿ ಕಾರು ನಿಲ್ಲಿಸಿ ಡಿಮ್ ಹಾಕಿದಾಗ ಬೆಳಕಿನ ಮೇಲಂಚು ಟೇಪಿಗಿಂತ ಸುಮಾರು 10 ಸೆಂಟಿಮೀಟರ್ ಕೆಳಗಿರಬೇಕು, ಅಂದರೆ ಶೇ 1ರ ಇಳಿಜಾರು. ಹೆಡ್‌ಲೈಟ್ ಮೇಲೆ ಅಥವಾ ಬಾನೆಟ್ ಒಳಗಿನ ಸ್ಟಿಕ್ಕರ್‌ನಲ್ಲಿ ಬೇರೆ ಅಂಕಿ ಇದ್ದರೆ ಅದನ್ನೇ ಪಾಲಿಸಿ. ಹೆಡ್‌ಲೈಟ್‌ನ ಹಿಂಬದಿಯ ಸ್ಕ್ರೂವನ್ನು ಕಾಲು ಸುತ್ತಿನಷ್ಟೇ ತಿರುಗಿಸುತ್ತ ನೋಡಿ. ಒಂದು ದೀಪ ಹೊಂದಿಸುವಾಗ ಇನ್ನೊಂದಕ್ಕೆ ರಟ್ಟು ಮುಚ್ಚಿ.

65 ಸೆಂಟಿಮೀಟರ್ ಎತ್ತರದ ದೀಪ ಶೇ 1ರಷ್ಟು ತಗ್ಗಿದ್ದರೆ ಅದರ ಬೆಳಕು ನೆಲ ಮುಟ್ಟುವುದು 65 ಮೀಟರ್ ದೂರದಲ್ಲಿ. ಅದೇ ದೀಪ ಶೇ 1ರಷ್ಟು ಮೇಲಕ್ಕೆತ್ತಿದ್ದರೆ 50 ಮೀಟರ್ ದೂರದಲ್ಲಿ ಅದು 115 ಸೆಂಟಿಮೀಟರ್ ಎತ್ತರಕ್ಕೇರಿರುತ್ತದೆ. ಕಾರಿನಲ್ಲಿ ಕುಳಿತವರ ಕಣ್ಣು ಇರುವುದು ಹೆಚ್ಚುಕಡಿಮೆ ಆ ಎತ್ತರದಲ್ಲಿಯೇ. ಡಿಕ್ಕಿಯಲ್ಲಿ ಸಾಮಾನು, ಹಿಂದಿನ ಸೀಟಿನಲ್ಲಿ ಮೂರು ಜನ ತುಂಬಿಸಿಕೊಂಡು ಊರಿಗೆ ಹೊರಟಾಗ ಕಾರಿನ ಮೂತಿ ತಾನಾಗಿ ಮೇಲೇಳುತ್ತದೆ. ಲೆವೆಲಿಂಗ್ ಗುಂಡಿ ಇರುವುದು ಆಗ ದೀಪವನ್ನು ತಗ್ಗಿಸಲೆಂದೇ.

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 106ನೇ ನಿಯಮ ಇದಕ್ಕೊಂದು ಪರೀಕ್ಷೆಯನ್ನೇ ಕೊಟ್ಟಿದೆ: ದೀಪದಿಂದ 8 ಮೀಟರ್ ಮುಂದೆ, ಅರ್ಧ ಮೀಟರ್ ಬಲಕ್ಕೆ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಕಣ್ಣಿರುವ ವ್ಯಕ್ತಿಗೆ ಬೆಳಕು ಕುಕ್ಕಬಾರದು. ಎಲ್ಲ ಕೆಲಸ ಮುಗಿದ ಮೇಲೆ ಬೇಸ್‌ಮೆಂಟ್‌ನ ದೀಪ ಆರಿಸಿ, ಡಿಮ್ ಹಾಕಿ, ಚಾಲಕನ ಬಲಗಡೆಗೆ ಬರುವಂತೆ ಆ ಜಾಗದಲ್ಲಿ ನೀವೇ ಹೋಗಿ ನಿಂತು ನೋಡಿ. ಕಣ್ಣು ತಾನಾಗಿ ಮುಚ್ಚಿಕೊಂಡರೆ ಸ್ಕ್ರೂವನ್ನು ಇನ್ನೂ ಕಾಲು ಸುತ್ತು ಇಳಿಸಿ, ಮತ್ತೆ ಬಂದು ನಿಲ್ಲಿ.