ಮುದ್ದೆ ನುಂಗುವವನು ಅಗಿಯಲು ಕಲಿತದ್ದು

ಮಂಡ್ಯ ಸೀಮೆಯಲ್ಲಿ ಹುಟ್ಟಿದವನಿಗೆ ಊಟದ ಮೊದಲ ಪಾಠವೇ ಅಗಿಯಬಾರದು ಅನ್ನೋದು. ಮುದ್ದೆ ಮುರಿ, ಉಂಡೆ ಮಾಡು, ಸಾರಿನಲ್ಲಿ ಅದ್ದು, ನುಂಗು. ಹಲ್ಲಿಗೆ ತಗುಲಿಸಿದರೆ ಅಂಟಿಕೊಳ್ಳುತ್ತದೆ, ಪಕ್ಕದವರು ನಗುತ್ತಾರೆ. ನಲವತ್ತು ದಾಟುವವರೆಗೂ ನಾನು ಹಾಗೇ ಉಂಡವನು. ಅದರ ಮೇಲೆ ಹೈಸ್ಕೂಲ್ ಮೇಷ್ಟ್ರ ಕೆಲಸ ಬೇರೆ. ಮಕ್ಕಳ ಬಿಸಿಯೂಟ ನೋಡಿಕೊಂಡು, ಒಂದೆರಡು ಜಗಳ ಬಿಡಿಸಿ, ನನ್ನ ಡಬ್ಬಿ ತೆಗೆಯುವ ಹೊತ್ತಿಗೆ ಬೆಲ್ ಹೊಡೆಯಲು ಐದು ನಿಮಿಷ ಇರುತ್ತಿತ್ತು. ನನಗೆ ಅಷ್ಟು ಸಾಕಾಗುತ್ತಿತ್ತು, ಕೈ ತೊಳೆಯಲೂ ಟೈಮ್ ಉಳಿಯುತ್ತಿತ್ತು.

ತೂಕ, ಸಕ್ಕರೆ ಕಾಯಿಲೆ, ಗೊರಕೆಯ ನಡುವೆ ಉಸಿರು ನಿಲ್ಲೋದು, ಇವೆಲ್ಲ ಸೇರಿ ಕೊನೆಗೆ ಆಪರೇಷನ್‌ಗೆ ಬಂತು. ನನಗೆ ಮಾಡಿದ್ದು ಸ್ಲೀವ್ ಗ್ಯಾಸ್ಟ್ರೆಕ್ಟಮಿ. ಜಠರದ ಮುಕ್ಕಾಲು ಪಾಲನ್ನು, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ, ಉದ್ದಕ್ಕೆ ಕತ್ತರಿಸಿ ತೆಗೆಯುತ್ತಾರೆ. ಉಳಿಯೋದು ಬಾಳೆಹಣ್ಣಿನ ಆಕಾರದ ಒಂದು ಕೊಳವೆ. ಸುಮಾರು 100ರಿಂದ 150 ಮಿಲಿ ಹಿಡಿಯುತ್ತದೆ, ಅಂದರೆ ಒಂದು ಚಿಕ್ಕ ಲೋಟ. ಹಸಿವು ಹುಟ್ಟಿಸುವ ಗ್ರೆಲಿನ್ ಅನ್ನೋ ಹಾರ್ಮೋನ್ ಹೆಚ್ಚಾಗಿ ಬರೋದು ಕತ್ತರಿಸಿ ತೆಗೆದ ಭಾಗದಿಂದಲೇ. ಹಾಗಾಗಿ ಮೊದಲ ತಿಂಗಳುಗಳಲ್ಲಿ ಹಸಿವು ಗೊತ್ತೇ ಆಗಲಿಲ್ಲ. ಹಸಿವು ಹೋಯಿತು, ಅವಸರ ಮಾತ್ರ ಹೋಗಲಿಲ್ಲ. ಆಪರೇಷನ್ ಮಾಡಿದ್ದು ಹೊಟ್ಟೆಗೆ, ಕೈ ಬಾಯಿಗೆ ಅಲ್ವಲ್ಲ.

ನಿಧಾನ ಯಾಕೆ ಬೇಕು ಅಂತ ಡಾಕ್ಟರ್ ವಿವರಿಸಿದ್ದು ನನಗೆ ಚೆನ್ನಾಗಿ ಹಿಡಿಸಿತು. ಜಠರದ ಮೇಲ್ಭಾಗ ಊಟ ಬರುತ್ತಿದ್ದ ಹಾಗೆ ಸಡಿಲಗೊಂಡು ಜಾಗ ಕೊಡುತ್ತದೆ. ಗಬಗಬ ತಿಂದರೂ ತಡೆದುಕೊಳ್ಳುವ ಶಕ್ತಿ ಇರೋದು ಅಲ್ಲಿಯೇ. ಆ ಭಾಗವೇ ಈಗ ಇಲ್ಲ. ಉಳಿದ ಕೊಳವೆ ಅಷ್ಟು ಹಿಗ್ಗುವುದಿಲ್ಲ, ನಡುವೆ ಒಂದು ತಿರುವು ಬೇರೆ ಇದೆ. ನಾಲ್ಕು ತುತ್ತು ಒಟ್ಟಿಗೆ ಇಳಿದರೆ ಒತ್ತಡ ನೇರ ಮೇಲಕ್ಕೆ ಬರುತ್ತದೆ.

ಮೊದಲ ವಾರಗಳಲ್ಲಿ ನಿಧಾನ ಕಲಿಯುವ ಪ್ರಶ್ನೆಯೇ ಬರಲಿಲ್ಲ. ಗಂಜಿ ತಿಳಿ, ಬೇಳೆ ಕಟ್ಟು, ನೀರು ಮಜ್ಜಿಗೆ, ಆಮೇಲೆ ನುಣ್ಣಗೆ ರುಬ್ಬಿದ್ದು. ಮಗಳ ಅನ್ನಪ್ರಾಶನದ ಬೆಳ್ಳಿ ಬಟ್ಟಲು ಬೀರುವಿನಿಂದ ಈಚೆ ಬಂತು, ಅದರ ಪುಟ್ಟ ಚಮಚದ ಜೊತೆ. ನಿಜವಾದ ಪರೀಕ್ಷೆ ಶುರುವಾಗಿದ್ದು ಗಟ್ಟಿ ಊಟಕ್ಕೆ ಬಂದಾಗ.

ತುತ್ತು ಸಿಕ್ಕಿಹಾಕಿಕೊಳ್ಳೋದು ಅಂದರೆ ಏನು ಅಂತ ಅನುಭವಿಸದವರಿಗೆ ಹೇಳೋದು ಕಷ್ಟ. ಎದೆಮೂಳೆಯ ಹಿಂದೆ ಯಾರೋ ಹೆಬ್ಬೆರಳು ಒತ್ತಿ ಹಿಡಿದ ಹಾಗೆ ಆಗುತ್ತದೆ. ಬಾಯಲ್ಲಿ ಜೊಲ್ಲು ಉಕ್ಕುತ್ತದೆ, ತೆಳ್ಳಗಲ್ಲ, ನೊರೆನೊರೆಯಾಗಿ. ನೀರು ಕುಡಿದು ಇಳಿಸೋಣ ಅನ್ನಿಸುತ್ತದೆ. ಅದು ಮಾತ್ರ ಬೇಡ. ನೀರು ಆ ತುತ್ತಿನ ಮೇಲೆ ನಿಂತು ಇನ್ನೂ ಹಿಂಸೆ ಮಾಡುತ್ತದೆ. ಎದ್ದು ಸುಮ್ನೆ ಓಡಾಡಬೇಕು. ಅದು ಇಳಿಯುತ್ತದೆ, ಇಲ್ಲ ಮೇಲೆ ಬರುತ್ತದೆ. ಯಾವಾಗಲೋ ಒಮ್ಮೆ ಹೀಗಾದರೆ ಸರಿ. ದಿನಾ ವಾಂತಿಯಾಗುತ್ತಿದ್ದರೆ ಮನೆಮದ್ದು ಮಾಡಿಕೊಂಡು ಕೂರಬಾರದು, ಡಾಕ್ಟರ್ ಹತ್ತಿರ ಹೋಗಲೇಬೇಕು. ಮೊದಲ ತಿಂಗಳುಗಳಲ್ಲಿ ಬಿಡದೆ ವಾಂತಿಯಾದರೆ ಬಿ1 ವಿಟಮಿನ್ ಕಡಿಮೆಯಾಗಿ ನರಗಳಿಗೆ, ಮಿದುಳಿಗೆ ತೊಂದರೆಯಾಗಬಹುದು.

ಆಸ್ಪತ್ರೆಯಲ್ಲಿ ಕೊಟ್ಟ ಹಾಳೆಯಲ್ಲಿ 'ಪ್ರತಿ ತುತ್ತಿನ ನಡುವೆ ಚಮಚ ಕೆಳಗಿಡಿ' ಅಂತಿತ್ತು. ಒಳ್ಳೆಯ ಮಾತು. ಆದರೆ ಕೈಯಲ್ಲಿ ಉಣ್ಣುವವನು ಕೈಯನ್ನು ಎಲ್ಲಿಡಬೇಕು? ನನ್ನ ಬಲಗೈಯನ್ನು ನಾನೇ ಗಮನಿಸಿದಾಗ ವಿಷಯ ತಿಳಿಯಿತು. ಬಾಯಲ್ಲಿ ತುತ್ತು ಇರುವಾಗಲೇ ಬೆರಳುಗಳು ಮುಂದಿನದನ್ನು ಕಲಸಿ, ಒತ್ತಿ, ಹೆಬ್ಬೆರಳಿನ ಮುಂದೆ ತಂದು ಇಟ್ಟುಕೊಂಡಿರುತ್ತವೆ. ತುತ್ತು ರೆಡಿ ಇದೆ ಅಂದಮೇಲೆ ಬಾಯಿ ತನ್ನದನ್ನು ಬೇಗ ಖಾಲಿ ಮಾಡುತ್ತದೆ. ಅವಸರ ಶುರುವಾಗೋದು ಬಾಯಲ್ಲಲ್ಲ, ಬೆರಳಲ್ಲಿ.

ಚಮಚಕ್ಕೆ ಬದಲಾಯಿಸಿ ನೋಡಿದೆ. ನನಗೆ ಸರಿಹೋಗಲಿಲ್ಲ. ಚಮಚಕ್ಕೆ ಅಗುಳು ಬೆಂದಿದೆಯೋ ಇಲ್ಲವೋ ಗೊತ್ತಾಗಲ್ಲ. ಬೆರಳಿಗೆ ಗೊತ್ತಾಗುತ್ತದೆ. ಹುರುಳಿಕಾಯಿಯ ನಾರು, ಕೋಳಿಯ ಒಣ ಎಳೆ, ಬೇಯದ ಕಾಳು, ಎಲ್ಲ ಬೆರಳಲ್ಲೇ ಸಿಗುತ್ತದೆ. ಅಲ್ಲೇ ಹಿಸುಕಿ ಮೆತ್ತಗೆ ಮಾಡಬಹುದು. ಹಾಗಾಗಿ ಕೈಯನ್ನು ಬಿಡಲಿಲ್ಲ, ಅದಕ್ಕೆ ಒಂದು ನಿಯಮ ಹಾಕಿದೆ. ತುತ್ತು ಬಾಯಿಗೆ ಹೋದ ತಕ್ಷಣ ಕೈ ತಟ್ಟೆಯಿಂದ ಹೊರಗೆ. ಮಣಿಕಟ್ಟು ಮೇಜಿನ ಅಂಚಿನ ಮೇಲೆ, ಬೆರಳು ಗಾಳಿಯಲ್ಲಿ. ನುಂಗಿದ ಮೇಲೇ ಮುಂದಿನ ಕಲಸಾಟ. ನೋಡುವವರಿಗೆ ತಮಾಷೆಯಾಗಿ ಕಾಣುತ್ತದೆ, ಕಾಣಲಿ. ನನ್ನ ಊಟವನ್ನು ನಿಧಾನ ಮಾಡಿದ್ದು ಬೇರೆ ಯಾವ ಉಪಾಯಕ್ಕಿಂತ ಜಾಸ್ತಿ ಇದೇ.

ಎಷ್ಟು ಸಲ ಅಗಿಯಬೇಕು? ಇಪ್ಪತ್ತು, ಮೂವತ್ತು ಅಂತೆಲ್ಲ ಹೇಳುತ್ತಾರೆ. ಎಣಿಕೆಯಲ್ಲಿ ನನಗೆ ನಂಬಿಕೆ ಇಲ್ಲ. ಇಡ್ಲಿಗೆ ಮೂವತ್ತು ಸಲ ಅಗಿಯೋದು ಹುಚ್ಚುತನ, ನಾಟಿ ಕೋಳಿಗೆ ಮೂವತ್ತು ಸಾಲದು. ನೂರು ವರ್ಷದ ಹಿಂದೆ ಅಮೆರಿಕದಲ್ಲಿ ಹೊರೇಸ್ ಫ್ಲೆಚರ್ ಅಂತ ಒಬ್ಬ ಇದ್ದ. ಅಗಿಯೋದನ್ನೇ ಊರೂರಿಗೆ ಉಪದೇಶ ಮಾಡುತ್ತಾ ಹೆಸರು ಮಾಡಿದವನು, ದ್ರವವನ್ನೂ ಅಗಿಯಿರಿ ಅನ್ನುತ್ತಿದ್ದ. ಅಷ್ಟು ದೂರ ಹೋಗಬೇಕಿಲ್ಲ. ನನ್ನ ಲೆಕ್ಕ ಇಷ್ಟೇ: ನಾಲಿಗೆ ಬಾಯೆಲ್ಲ ಒಂದು ಸುತ್ತು ಬರಬೇಕು, ಎಲ್ಲೂ ಒಂದು ತುಣುಕು ಸಿಗಬಾರದು. ಸಿಕ್ಕಿತೋ, ಇನ್ನೂ ಅಗಿ.

ನಿಲ್ಲಿಸೋದು ಯಾವಾಗ ಅನ್ನೋದಕ್ಕೆ ನನಗೆ ಸಿಕ್ಕ ಗುರುತು ಮೂಗು. ಊಟದ ನಡುವೆ ಮೂಗು ಸೋರಲು ಶುರುವಾಗುತ್ತಿತ್ತು. ಸಾರಿನ ಖಾರ ಅಂದುಕೊಂಡಿದ್ದೆ. ಮೊಸರನ್ನ ತಿಂದಾಗಲೂ ಸೋರಿತು. ಕೇಳಿದರೆ ಡಯೆಟಿಷಿಯನ್ ನಕ್ಕರು. ಈ ಆಪರೇಷನ್ ಆದ ತುಂಬ ಜನರಿಗೆ ಕೊಳವೆ ತುಂಬುವಾಗ ಹೀಗೆ ಏನಾದರೂ ಒಂದು ಆಗುತ್ತದಂತೆ. ಕೆಲವರಿಗೆ ಬಿಕ್ಕಳಿಕೆ, ಕೆಲವರಿಗೆ ಸೀನು, ಕೆಲವರಿಗೆ ಒಂದು ದೊಡ್ಡ ನಿಟ್ಟುಸಿರು. ಈಗ ಮೂಗು ಒದ್ದೆಯಾದರೆ ಕೈ ತೊಳೆಯೋದೇ. ತಟ್ಟೆಯಲ್ಲಿ ಒಂದೇ ತುತ್ತು ಉಳಿದಿದ್ದರೂ ಅಷ್ಟೇ. ಆ ಒಂದು ತುತ್ತು ಬಿಡೋದು ನಮ್ಮಂಥವರಿಗೆ ಸುಲಭ ಅಲ್ಲ, ಅನ್ನ ಚೆಲ್ಲಬಾರದು ಅಂತ ಬೆಳೆದವರು. ಅದಕ್ಕೇ ಬಡಿಸಿಕೊಳ್ಳೋದನ್ನೇ ಕಡಿಮೆ ಮಾಡಿದೆ.

ನೀರಿನ ವಿಷಯ ಇನ್ನೂ ಸ್ವಾರಸ್ಯ. ಊಟದ ಜೊತೆ ನೀರು ಕುಡಿಯುವಂತಿಲ್ಲ, ಊಟವಾಗಿ ಅರ್ಧ ಗಂಟೆ ಬಿಡಬೇಕು. ಹಾಗಾದರೆ ತಿಳಿಸಾರು ನೀರೋ ಊಟವೋ? ನೀರೇ. ಮಜ್ಜಿಗೆಯೂ ನೀರೇ. ಊಟದ ಕೊನೆಯ ಮಜ್ಜಿಗೆ ನಾಲ್ಕು ಗಂಟೆಗೆ ಹೋಯಿತು, ತಿಳಿಸಾರು ಹನ್ನೊಂದು ಗಂಟೆಗೆ ಲೋಟದಲ್ಲಿ ಬಂತು. ಅನ್ನಕ್ಕೆ ಜಾಸ್ತಿ ಸಾರು ಹಾಕಿ ಕಲಸಿದರೆ ಅದು ಅಗಿಯಲು ಬಿಡದೆ ಜಾರಿಹೋಗುತ್ತದೆ, ಅದನ್ನೂ ಬಿಟ್ಟೆ. ಇನ್ನು ಕುಡಿಯುವ ರೀತಿ. ನಮ್ಮ ಮನೆಯಲ್ಲಿ ಲೋಟ ಎತ್ತಿ ಕುಡಿಯೋದು ರೂಢಿ. ಎತ್ತಿ ಕುಡಿದರೆ ಗಟಗಟ ಅಂತಲೇ ಹೋಗಬೇಕು, ನೀರಿನ ಜೊತೆ ಗಾಳಿಯೂ ಹೋಗುತ್ತದೆ. ಆ ಗಾಳಿಗೂ ಈ ಕೊಳವೆಯಲ್ಲಿ ಜಾಗ ಇಲ್ಲ. ನಾನು ಕಚ್ಚಿ, ಗುಟುಕು ಗುಟುಕಾಗಿ ಕುಡಿಯಬೇಕಾಯಿತು. ಅಮ್ಮನಿಗೆ ಎಂಜಲಿನ ಸಂಕಟ. ನನ್ನ ಲೋಟಕ್ಕೆ ಒಂದು ಕೆಂಪು ದಾರ ಕಟ್ಟಿ ಬೇರೆ ಇಟ್ಟರು.

ಅದೇ ಅಮ್ಮ ಇನ್ನೊಂದು ಕಡೆ ದೊಡ್ಡ ಸಹಾಯ ಮಾಡಿದರು, ಅವರಿಗೇ ಗೊತ್ತಿಲ್ಲದೆ. ಅವರದು ಕಟ್ಟಿಸಿದ ಹಲ್ಲು. ಊಟ ಅರ್ಧ ಗಂಟೆ. ಹಿಂದೆ ನಾನು ಎದ್ದು ಪೇಪರ್ ಓದಿ ಮುಗಿಸಿದರೂ ಅವರು ಪಲ್ಯದಲ್ಲೇ ಇರುತ್ತಿದ್ದರು. ಫೋನಿನಲ್ಲಿ ಟೈಮರ್ ಇಟ್ಟು ಉಣ್ಣೋದನ್ನು ಬಿಟ್ಟು ಅವರ ಎದುರು ಕೂತೆ. ಅವರು ಒಂದು ತುತ್ತು ಎತ್ತಿದಾಗ ನಾನೂ ಒಂದು. ಟೈಮರ್ ನೋಡಿದರೆ ಅವಸರ ಇನ್ನೂ ಜಾಸ್ತಿಯಾಗುತ್ತದೆ, ಕಾಯುತ್ತಾ ಕೂತ ಹಾಗೆ. ಅಮ್ಮ ಊರಿನ ಸುದ್ದಿ ಹೇಳುತ್ತಿದ್ದರೆ ಸಮಯ ಹೋಗೋದೇ ಗೊತ್ತಾಗಲ್ಲ.

ಏನನ್ನು ಮೊದಲು ತಿನ್ನಬೇಕು ಅನ್ನೋದೂ ತಲೆಕೆಳಗಾಯಿತು. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಬೇಕು ಅಂತ ಹೇಳಿದ್ದರು. ಒಂದು ಮೊಟ್ಟೆಯಲ್ಲಿ ಸಿಗೋದು ಆರು ಗ್ರಾಂ ಆಸುಪಾಸು. ಜಾಗ ಇರೋದೇ ಇಷ್ಟು, ಅದನ್ನು ಅನ್ನಕ್ಕೆ ಕೊಟ್ಟರೆ ಮುಗಿಯಿತು. ಹಾಗಾಗಿ ಮೊಟ್ಟೆ, ಕಾಳು, ಪನೀರ್ ಮೊದಲು, ಆಮೇಲೆ ತರಕಾರಿ, ಜಾಗ ಉಳಿದರೆ ಅನ್ನ. ಕಾಳು ಮೊದಲು ತಿಂದರೆ ಅಗಿಯದೆ ದಾರಿಯೇ ಇಲ್ಲ, ಅಷ್ಟರಲ್ಲಿ ಊಟದ ಲಯ ತಾನಾಗಿ ನಿಧಾನವಾಗಿರುತ್ತದೆ.

ಮದುವೆ ಮನೆ ಮಾತ್ರ ಈಗಲೂ ಕಷ್ಟ. ಕುರ್ಚಿಯ ಹಿಂದೆ ಮುಂದಿನ ಪಂಕ್ತಿಯವರು ನಿಂತಿರುತ್ತಾರೆ. ಬಡಿಸುವವರು ಬಕೆಟ್ ಹಿಡಿದು ಓಡುತ್ತಾರೆ. ನಾನು ಕೋಸಂಬರಿ ಅಗಿದು ಮುಗಿಸುವಷ್ಟರಲ್ಲಿ ಎಲೆಗೆ ಪಾಯಸ, ಪಲ್ಯ, ಪುಳಿಯೋಗರೆ, ಹಪ್ಪಳ ಎಲ್ಲ ಬಿದ್ದಿರುತ್ತದೆ. ಬೇಡ ಅಂದರೆ ಸಕ್ಕರೆ ಕಾಯಿಲೆಯಾ ಅಂತ ಇಡೀ ಸಾಲು ಕೇಳುತ್ತದೆ. ಈಗ ಮನೆಯಲ್ಲೇ ತಿಂದು ಹೋಗುತ್ತೇನೆ. ಕೊನೇ ಪಂಕ್ತಿಯಲ್ಲಿ ಕೂರುತ್ತೇನೆ, ಅಲ್ಲಿ ಹಿಂದೆ ನಿಲ್ಲುವವರು ಇರಲ್ಲ. ಎರಡು ಸಲ ಕೋಸಂಬರಿ ಹಾಕಿಸಿಕೊಂಡು ಎಲೆ ಮಡಚುತ್ತೇನೆ. ಹೆಸರುಬೇಳೆ, ಒಳ್ಳೆಯದೇ.

ಮುದ್ದೆಯನ್ನು ತುಂಬಾ ದಿನ ದೂರ ಇಟ್ಟಿದ್ದೆ. ಮೊದಲು ಅಂಬಲಿಯಾಗಿ ಬಂತು, ಆಮೇಲೆ ತೆಳ್ಳಗಿನ ರಾಗಿ ದೋಸೆಯಾಗಿ. ಮುದ್ದೆಗೆ ಮತ್ತೆ ಕೈ ಹಾಕಿದಾಗ ಉಂಡೆ ಮಾಡುವ ಅಭ್ಯಾಸವನ್ನೇ ಬಿಡಬೇಕಾಯಿತು. ಮುದ್ದೆ ಸ್ವಲ್ಪ ಮೆತ್ತಗಿರಬೇಕು. ಹೆಸರುಕಾಳಿನಷ್ಟು ಅಲ್ಲದಿದ್ದರೂ ಕಡಲೆಕಾಳಿನಷ್ಟು ಚಿವುಟಬೇಕು. ಸಾರಿಗೆ ತಾಗಿಸಿ ನಾಲಿಗೆ ಮೇಲಿಟ್ಟು ಅಂಗುಳಕ್ಕೆ ಒತ್ತಿದರೆ ಕರಗುತ್ತದೆ, ಹಲ್ಲಿಗೂ ಅಂಟುವುದಿಲ್ಲ. ಆಗ ಗೊತ್ತಾಗಿದ್ದು, ರಾಗಿಗೆ ಒಂದು ಸಣ್ಣ ಸಿಹಿ ಇದೆ. ಅಷ್ಟು ವರ್ಷ ಗಂಟಲಿಗೆ ನೇರ ಇಳಿಸಿದವನ ನಾಲಿಗೆಗೆ ಅದು ಸಿಕ್ಕಿರಲೇ ಇಲ್ಲ.

ನಿಧಾನವಾಗಿ ಉಣ್ಣೋದರಲ್ಲಿ ಒಂದು ತೊಂದರೆ ಇದ್ದೇ ಇದೆ. ಊಟ ಆರಿಹೋಗುತ್ತದೆ. ಆರಿದ ಮುದ್ದೆ ಗಟ್ಟಿಯಾಗುತ್ತದೆ, ಗಟ್ಟಿಯಾದದ್ದು ಸಿಕ್ಕಿಹಾಕಿಕೊಳ್ಳುತ್ತದೆ. ಅದಕ್ಕೆ ಎರಡು ಕಂತಿನಲ್ಲಿ ಬಡಿಸಿಕೊಳ್ಳುತ್ತೇನೆ, ಅರ್ಧ ಬೆಳ್ಳಿ ಬಟ್ಟಲಿಗೆ, ಅರ್ಧ ಹಾಟ್‌ಬಾಕ್ಸ್‌ನಲ್ಲಿ. ಎಷ್ಟೋ ಸಲ ಎರಡನೇ ಕಂತು ಅಲ್ಲೇ ಉಳಿಯುತ್ತದೆ, ಹೆಂಡತಿ ಅದನ್ನು ಸಂಜೆ ರೊಟ್ಟಿ ಹಿಟ್ಟಿಗೆ ಸೇರಿಸಿ ನಾದುತ್ತಾಳೆ.