ವಿಮಾನಕ್ಕೆ ಬಟ್ಟೆ ಹೊದಿಸಲು ಏನೇನು ಬೇಕು, ಯಾವುದನ್ನು ಮೊದಲು ಕೊಳ್ಳಬೇಕು

ಮೊದಲು ಕೊಳ್ಳಬೇಕಾದದ್ದು ಬಟ್ಟೆ ಅಲ್ಲ, ಕೈಪಿಡಿ. ತಮಾಷೆಗೆ ಹೇಳುತ್ತಿಲ್ಲ. ಬಟ್ಟೆ ಹೊದಿಕೆಯ ಸಾಮಾನು ಬಿಡಿಬಿಡಿಯಾಗಿ ಕೊಳ್ಳುವ ವಸ್ತುವಲ್ಲ. ಬಟ್ಟೆ, ಅಂಟು, ಟೇಪು, ದಾರ, ಮೇಲೆ ಹಚ್ಚುವ ದ್ರವಗಳು, ಬಣ್ಣ, ಇವೆಲ್ಲ ಸೇರಿ ಒಂದು ಸಿಸ್ಟಮ್. ಪಾಲಿ-ಫೈಬರ್, ಸೀಕೊನೈಟ್ ಬಟ್ಟೆಯ ಮೇಲೆ ಡೋಪ್ (ಒಣಗಿ ಗಟ್ಟಿಯಾಗುವ, ವಾರ್ನಿಷ್‌ನಂಥ ದ್ರವ), ಸ್ಟೀವರ್ಟ್ ಸಿಸ್ಟಮ್ಸ್, ಸೂಪರ್‌ಫ್ಲೈಟ್, ಒರಾಟೆಕ್ಸ್, ಹೀಗೆ ಕೆಲವು ಇವೆ. ಯಾವುದಾದರೂ ಒಂದನ್ನು ಆರಿಸಿ, ಕೊನೆಯ ಕೋಟ್‌ವರೆಗೆ ಅದರಲ್ಲೇ ಇರಿ. ಒಂದರ ಅಂಟು, ಇನ್ನೊಂದರ ಪ್ರೈಮರ್, ಮೂರನೆಯದರ ಬಣ್ಣ ಅಂತ ಬೆರೆಸಲು ಹೋದರೆ ಎರಡು ವರ್ಷ ಆದಮೇಲೆ ಹೊದಿಕೆ ಹಪ್ಪಳದ ಹಾಗೆ ಎದ್ದು ಬರಬಹುದು. ಆಗ ಯಾರನ್ನು ಕೇಳುತ್ತೀರಿ?

ಅಮೆರಿಕದ ವಿಮಾನಯಾನ ಇಲಾಖೆಯಾದ ಎಫ್‌ಎಎ ಪ್ರಮಾಣಪತ್ರ ಇರುವ ವಿಮಾನವಾದರೆ ಬೆರೆಸುವ ಪ್ರಶ್ನೆಯೇ ಇಲ್ಲ. ಮೂಲದಲ್ಲಿ ಹತ್ತಿ ಬಟ್ಟೆ ಇದ್ದ ವಿಮಾನಕ್ಕೆ ಪಾಲಿಯೆಸ್ಟರ್ ಹೊದಿಸುವುದು ಎಸ್‌ಟಿಸಿ ಎಂಬ ಅನುಮತಿಯ ಮೇಲೆ. ಆ ಅನುಮತಿ ಕೈಪಿಡಿಯಲ್ಲಿ ಹೇಳಿದ ಸಾಮಾನು, ಹೇಳಿದ ಕ್ರಮ ಎರಡಕ್ಕೂ ಕಟ್ಟುಬಿದ್ದಿರುತ್ತದೆ. ಅದಕ್ಕೇ ಪ್ರಮಾಣಿತ ಬಟ್ಟೆಯ ಮೇಲೆ ಅಚ್ಚು ಹೊಡೆದಿರುತ್ತಾರೆ. ಕತ್ತರಿಸುವಾಗ ಆ ಅಚ್ಚು ಒಳಗಿನಿಂದ ಕಾಣುವ ಹಾಗೆ ಉಳಿಸಿಕೊಳ್ಳಿ, ಮುಂದೆ ಪರೀಕ್ಷೆ ಮಾಡುವವರು ಅದನ್ನೇ ಹುಡುಕುತ್ತಾರೆ. ಸ್ವಂತಕ್ಕೆ ಕಟ್ಟಿಕೊಂಡ ಎಕ್ಸ್‌ಪೆರಿಮೆಂಟಲ್ ವಿಮಾನಕ್ಕೆ ಕಾನೂನು ಸಡಿಲ, ಆದರೆ ರಾಸಾಯನಿಕಗಳಿಗೆ ನಿಮ್ಮ ಕಾನೂನು ಗೊತ್ತಿಲ್ಲ.

ಬಟ್ಟೆ

ಈಗ ಬಹುತೇಕ ಎಲ್ಲರೂ ಬಳಸುವುದು ಕಾಯಿಸಿದರೆ ಕುಗ್ಗುವ ಪಾಲಿಯೆಸ್ಟರ್. ಹಳೆಯ ಗ್ರೇಡ್ ಎ ಹತ್ತಿ, ಐರಿಷ್ ಲಿನನ್ ಎಲ್ಲ ಮ್ಯೂಸಿಯಂ ವಿಮಾನಗಳಿಗೆ ಬಿಟ್ಟು ಬೇರೆಯವರಿಗೆ ಬೇಡ. ಹತ್ತಿ ಕೊಳೆಯುತ್ತದೆ, ಬಿಗಿ ಬರಲು ಡೋಪ್ ಮೇಲೆ ಡೋಪ್ ಹಚ್ಚಬೇಕು. ಪಾಲಿಯೆಸ್ಟರ್‌ಗೆ ಬಿಗಿ ಬರುವುದು ಇಸ್ತ್ರಿಯಿಂದ.

ತೂಕದಲ್ಲಿ ಸಾಮಾನ್ಯವಾಗಿ ಮೂರು ಬಗೆ. ಚದರ ಗಜಕ್ಕೆ ಸುಮಾರು 1.7 ಔನ್ಸ್‌ನದು ಅಲ್ಟ್ರಾಲೈಟ್‌ಗಳಿಗೆ, 2.7 ಔನ್ಸ್‌ನದು ಹೆಚ್ಚಿನ ಸಣ್ಣ ವಿಮಾನಗಳಿಗೆ, 3.4 ಔನ್ಸ್ ಅಥವಾ ಅದರ ಆಸುಪಾಸಿನದು ಕಲ್ಲುಮಣ್ಣಿನ ರನ್‌ವೇಯಲ್ಲಿ ಇಳಿಯುವ, ಜಾಸ್ತಿ ಒದೆ ತಿನ್ನುವ ವಿಮಾನಗಳಿಗೆ. ನನ್ನ ಅಭಿಪ್ರಾಯದಲ್ಲಿ ಸುಮ್ನೆ "ಗಟ್ಟಿ ಇರಲಿ" ಅಂತ ದಪ್ಪದ್ದು ತರಬೇಡಿ. ದಪ್ಪ ಎಳೆ ಮುಚ್ಚಲು ದ್ರವವೂ ಜಾಸ್ತಿ ಬೇಕು, ತೂಕ ಎರಡು ಕಡೆಯಿಂದ ಏರುತ್ತದೆ.

ಎಷ್ಟು ಬೇಕು ಅನ್ನುವುದಕ್ಕೆ ಒಂದು ಉದಾಹರಣೆ. ಪೈಪರ್ ಜೆ-3 ಕಬ್ ಎಂಬ ಸಣ್ಣ ವಿಮಾನದ ರೆಕ್ಕೆಯ ವಿಸ್ತೀರ್ಣ 178.5 ಚದರ ಅಡಿ, ಅಂದರೆ ಸುಮಾರು 16.6 ಚದರ ಮೀಟರ್. ಮೇಲೂ ಕೆಳಗೂ ಸೇರಿದರೆ 33. ಮಧ್ಯಮ ತೂಕದ ಬಟ್ಟೆ ಚದರ ಮೀಟರಿಗೆ 91 ಗ್ರಾಂನಷ್ಟು, ಹಾಗಾಗಿ ರೆಕ್ಕೆಗಳ ಬಟ್ಟೆ ಬರೀ 3 ಕಿಲೋ ಚಿಲ್ಲರೆ. ಇಷ್ಟೇನಾ ಅನ್ನಿಸುತ್ತದೆ, ಅಲ್ವಾ? ಉಳಿದ ತೂಕ ನೀವು ಅದರ ಮೇಲೆ ಹಚ್ಚುವುದರದ್ದು.

ಆದರೆ ಬಟ್ಟೆಯನ್ನು ಚದರ ಮೀಟರಿನ ಲೆಕ್ಕದಲ್ಲಿ ಕೊಳ್ಳಬೇಡಿ, ಅಗಲ ನೋಡಿ ಕೊಳ್ಳಿ. ಕಬ್‌ನ ರೆಕ್ಕೆ ಮುಂದಿನ ಅಂಚಿನಿಂದ ಹಿಂದಿನ ಅಂಚಿಗೆ 63 ಇಂಚು. ಸುಮಾರು 70 ಇಂಚು ಅಗಲದ ಬಟ್ಟೆಯಲ್ಲಿ ಉಳಿಯುವುದು 7 ಇಂಚು. ಅದರಲ್ಲೇ ರೆಕ್ಕೆಯ ಉಬ್ಬು, ಮುಂದಿನ ಅಂಚಿನ ಮಡಿಕೆ, ಹಿಂದೆ ಸುತ್ತಿ ಅಂಟಿಸುವ ಭಾಗ ಎಲ್ಲ ಬರಬೇಕು. ನಿಮ್ಮ ರೆಕ್ಕೆ ಇದಕ್ಕಿಂತ ಅಗಲ ಇದ್ದರೆ ಹೊಲಿಗೆ ಹಾಕಿಸಬೇಕು, ಇಲ್ಲವೇ ಮೊದಲೇ ಹೊಲಿದ ಚೀಲದಂಥ ಎನ್ವಲಪ್ ತರಿಸಬೇಕು. ಎನ್ವಲಪ್ ಬೆಲೆ ಜಾಸ್ತಿ, ಆದರೆ ಅಂಟಿನ ಜೋಡಣೆಗಳು ಕಡಿಮೆ. ಫ್ಯೂಸಲಾಜ್‌ಗೂ (ವಿಮಾನದ ಒಡಲು) ರೆಕ್ಕೆಗೂ ಸೇರಿಸಿ ಲೆಕ್ಕ ಹಾಕಿದ ಮೇಲೆ ಒಂದೆರಡು ಮೀಟರ್ ಜಾಸ್ತಿಯೇ ಇರಲಿ, ಅಂಟು ಮತ್ತು ಇಸ್ತ್ರಿ ಅಭ್ಯಾಸ ಮಾಡಲು ಬೇಕೇ ಬೇಕು.

ಬಟ್ಟೆ ಅಂಗಡಿಯ ಪಾಲಿಯೆಸ್ಟರ್ ಆಗುತ್ತದಾ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಆಗಲ್ಲ. ಅದರ ನೇಯ್ಗೆ ಬೇರೆ, ಅದಕ್ಕೆ ಮೊದಲೇ ಶಾಖ ಕೊಟ್ಟಿರುತ್ತಾರೆ, ಏನೇನೋ ಲೇಪನ ಇರುತ್ತದೆ. ಎಷ್ಟು ಕುಗ್ಗುತ್ತದೆ, ಅಂಟು ಹಿಡಿಯುತ್ತದೋ ಇಲ್ಲವೋ, ಯಾರೂ ಹೇಳಲಾರರು.

ಕೆಳಗಿನ ಅಸ್ಥಿಪಂಜರಕ್ಕೆ

ಇದನ್ನು ಪಟ್ಟಿಯಲ್ಲಿ ಬರೆಯಲು ಮರೆಯುವವರೇ ಹೆಚ್ಚು. ಪಾಲಿ-ಫೈಬರ್‌ನಂಥ ಸಿಸ್ಟಮ್‌ನಲ್ಲಿ ಅಂಟಲ್ಲೂ ತೆಳು ಮಾಡುವ ದ್ರವದಲ್ಲೂ ಎಂಇಕೆ ಎಂಬ ಖಾರದ ದ್ರಾವಕ ಇರುತ್ತದೆ. ಅದು ಸಾಧಾರಣ ವಾರ್ನಿಷ್ ಮತ್ತು ಒಂದೇ ಡಬ್ಬಿಯ ಪ್ರೈಮರ್‌ಗಳನ್ನು ಮೆತ್ತಗೆ ಮಾಡಿ ಎಬ್ಬಿಸಿಬಿಡುತ್ತದೆ. ಬಟ್ಟೆ ಅಂಟಿರುವುದು ಪ್ರೈಮರ್‌ಗೆ, ಪ್ರೈಮರ್ ಮಾತ್ರ ಅಸ್ಥಿಪಂಜರದ ಪೈಪನ್ನು ಬಿಟ್ಟಿದೆ, ಇಂಥ ಪರಿಸ್ಥಿತಿ ಬರುತ್ತದೆ. ಹಾಗಾಗಿ ಉಕ್ಕಿನ ಪೈಪಿಗೆ ಎರಡು ಭಾಗ ಬೆರೆಸುವ ಎಪಾಕ್ಸಿ ಪ್ರೈಮರ್, ಮರಕ್ಕೆ ಎಪಾಕ್ಸಿ ವಾರ್ನಿಷ್.

ಜೊತೆಗೆ ಚೂಪು ಅಂಚು, ಸ್ಕ್ರೂ ತಲೆ, ತಗಡಿನ ಜೋಡಣೆಗಳ ಮೇಲೆ ಹಾಕಲು ಆಂಟಿ-ಚೇಫ್ ಟೇಪ್. ಬೆರಳು ಹಾಯಿಸಿದಾಗ ಚುಚ್ಚಿದ ಜಾಗದಲ್ಲೆಲ್ಲ ಅದು ಬೇಕು, ಬಿಗಿದ ಬಟ್ಟೆ ನಿಮ್ಮ ಬೆರಳಿಗಿಂತ ಬೇಗ ಹರಿಯುತ್ತದೆ. ರಿಬ್‌ಗಳು, ಅಂದರೆ ರೆಕ್ಕೆಗೆ ಆಕಾರ ಕೊಡುವ ಪಕ್ಕೆಲುಬುಗಳು, ಬಟ್ಟೆ ಕುಗ್ಗುವಾಗ ಪಕ್ಕಕ್ಕೆ ವಾಲದಂತೆ ಅಡ್ಡಡ್ಡ ಕಟ್ಟಲು ಹತ್ತಿಯ ಇಂಟರ್-ರಿಬ್ ಟೇಪ್ ಒಂದು ಸುರುಳಿ.

ಅಂಟು ಮತ್ತು ಇಸ್ತ್ರಿ

ಅಂಟು ಸಿಸ್ಟಮ್‌ನದ್ದೇ: ಪಾಲಿ-ಫೈಬರ್‌ಗೆ ಪಾಲಿ-ಟ್ಯಾಕ್, ಸ್ಟೀವರ್ಟ್‌ಗೆ ನೀರಿನ ಆಧಾರದ ಇಕೋಬಾಂಡ್. ಅಂಟಿಸುವಾಗ ಬಟ್ಟೆಯನ್ನು ಎಳೆದು ಬಿಗಿ ಮಾಡಬೇಡಿ. ಸುಕ್ಕಿಲ್ಲದೆ ಸಡಿಲವಾಗಿ ಕೂತಿದ್ದರೆ ಸಾಕು. ಪೂರ್ತಿ ಕಾಯಿಸಿದಾಗ ಅದು ಸುಮಾರು 10% ಕುಗ್ಗುತ್ತದೆ, ಮೊದಲೇ ಬಿಗಿಯಾಗಿ ಎಳೆದಿದ್ದರೆ ಆ ಬಲವೆಲ್ಲ ರೆಕ್ಕೆಯ ಹಗುರ ಹಿಂದಿನ ಅಂಚಿನ ಮೇಲೆ ಬಿದ್ದು ಅದು ಬಿಲ್ಲಿನಂತೆ ಬಾಗುತ್ತದೆ. ಗುರುತು ಹಾಕಲು ಪೆನ್ಸಿಲ್ ಮಾತ್ರ. ಬಾಲ್‌ಪೆನ್ನಿನ ಶಾಯಿ ಎಷ್ಟು ಕೋಟ್ ಹಾಕಿದರೂ ಮೇಲೆ ಇಣುಕುತ್ತದೆ.

ಇಸ್ತ್ರಿ ಪೆಟ್ಟಿಗೆ ಮನೆಯದೇ ಆದೀತು, ಹಬೆ ಬಿಡುವ ತೂತು ಕಡಿಮೆ ಇರುವುದು ಒಳ್ಳೆಯದು. ಮೂಲೆಗಳಿಗೆ ಮಾಡೆಲ್ ವಿಮಾನದವರು ಬಳಸುವ ಪುಟ್ಟ ಇಸ್ತ್ರಿ. ಹೀಟ್ ಗನ್ ಬೇಡವೇ ಬೇಡ, ಅದರ ಶಾಖವನ್ನು ಅಳತೆಗೆ ತರಲು ಸಾಧ್ಯವೇ ಇಲ್ಲ. ಕಾಯಿಸುವುದು ಮೂರು ಹಂತದಲ್ಲಿ: ಮೊದಲು 250 ಡಿಗ್ರಿ ಫ್ಯಾರನ್‌ಹೀಟ್, ಆಮೇಲೆ 300, ಕೊನೆಗೆ 350. ಸೆಲ್ಸಿಯಸ್‌ನಲ್ಲಿ ಸರಿಸುಮಾರು 121, 149, 177. ಒಂದು ಹಂತದಲ್ಲಿ ಇಡೀ ಭಾಗವನ್ನು, ಮೇಲೂ ಕೆಳಗೂ, ಮುಗಿಸಿ ಮುಂದಿನದಕ್ಕೆ ಹೋಗಿ. 350 ದಾಟಿದರೆ ಬಟ್ಟೆ ಬಿಗಿ ಕಳೆದುಕೊಳ್ಳುತ್ತದೆ, ಮತ್ತೆ ಬಿಗಿ ಮಾಡಲು ಬರುವುದಿಲ್ಲ.

ಹಾಗಾಗಿ ಇಸ್ತ್ರಿಗಿಂತ ಮುಖ್ಯ ಥರ್ಮಾಮೀಟರ್. ಇಸ್ತ್ರಿಯ ಮೇಲಿನ "ಕಾಟನ್", "ಸಿಲ್ಕ್" ಗುರುತುಗಳನ್ನು ನಂಬುವ ಹಾಗಿಲ್ಲ. ಬಂದೂಕಿನಂಥ ಇನ್‌ಫ್ರಾರೆಡ್ ಮಾಪಕ ಹೊಳೆಯುವ ಲೋಹದ ಮೇಲೆ ಕಡಿಮೆ ತೋರಿಸುತ್ತದೆ, ನೀವು 350 ಅಂದುಕೊಂಡಾಗ ನಿಜಕ್ಕೂ ಅದಕ್ಕಿಂತ ಎಷ್ಟೋ ಮೇಲಿರಬಹುದು. ಇಸ್ತ್ರಿಯ ತಳಕ್ಕೆ ತಾಗಿಸಿ ಅಳೆಯುವ ಮಾಪಕ ಬೇಕು, ನಡುವೆ ಸ್ವಲ್ಪ ಥರ್ಮಲ್ ಪೇಸ್ಟ್. ಇಸ್ತ್ರಿಯ ಥರ್ಮೋಸ್ಟಾಟ್ ಟಿಕ್ ಅಂತ ಆರಿ ಹತ್ತುವಾಗ ಉಷ್ಣ ಮೇಲೆ ಕೆಳಗೆ ಆಡುತ್ತಿರುತ್ತದೆ. ನಾಲ್ಕೈದು ಸುತ್ತು ಕಾದು ಆ ಏರಿಳಿತದ ಮೇಲಿನ ತುದಿ ಎಲ್ಲಿ ನಿಲ್ಲುತ್ತದೆ ನೋಡಿ, ಮೂರೂ ಉಷ್ಣತೆಗೆ ಗುಂಡಿಯ ಪಕ್ಕ ಗೆರೆ ಎಳೆದುಕೊಳ್ಳಿ. ಇಸ್ತ್ರಿ ಕೆಳಗೆ ಬಿದ್ದರೆ ಮತ್ತೆ ಮೊದಲಿನಿಂದ.

ದಾರ, ಸೂಜಿ, ಟೇಪು

ಅಂಟು ಅಂಚಿನಲ್ಲಿ ಹಿಡಿಯುತ್ತದೆ. ಹಾರುವಾಗ ರೆಕ್ಕೆಯ ಮೇಲ್ಭಾಗದ ಬಟ್ಟೆಯನ್ನು ಗಾಳಿ ಮೇಲಕ್ಕೆ ಹೀರುತ್ತದಲ್ಲ, ಆಗ ಅದನ್ನು ರಿಬ್‌ಗೆ ಹಿಡಿದಿಡುವುದು ಹೊಲಿಗೆ. ಇದಕ್ಕೆ ಮೇಣ ಹಚ್ಚಿದ ಪಾಲಿಯೆಸ್ಟರ್ ಲೇಸಿಂಗ್ ದಾರ ಮತ್ತು ರೆಕ್ಕೆಯ ದಪ್ಪವನ್ನು ದಾಟುವಷ್ಟು ಉದ್ದದ ಸೂಜಿ ಬೇಕು. ಚಪ್ಪಟೆ ದಾರ ತೆಗೆದುಕೊಂಡರೆ ಗಂಟು ಮೇಲೆ ಉಬ್ಬಿ ಕಾಣುವುದಿಲ್ಲ. ಇಕ್ಕಟ್ಟಿನ ಜಾಗಕ್ಕೆ ಬಾಗಿದ ಸೂಜಿಯೂ ಒಂದಿರಲಿ.

ಹೊಲಿಗೆ ಬಟ್ಟೆಯನ್ನು ಕೊಯ್ಯದಂತೆ ಅದರ ಕೆಳಗೆ ರೀಇನ್‌ಫೋರ್ಸಿಂಗ್ ಟೇಪ್ ಹೋಗುತ್ತದೆ, ಅಗಲ ರಿಬ್‌ನ ಪಟ್ಟಿಯಷ್ಟೇ. ಸೂಜಿ ರಿಬ್‌ನ ಒಂದು ಪಕ್ಕದಲ್ಲಿ ಇಳಿದು ಇನ್ನೊಂದು ಪಕ್ಕದಲ್ಲಿ ಮೇಲೆ ಬರುತ್ತದೆ, ಪ್ರತಿ ಹೊಲಿಗೆಗೂ ಮಾಡಿಫೈಡ್ ಸೀನ್ ಎಂಬ ಬಗೆಯ ಗಂಟು. ಗಂಟು ಪಟ್ಟಿಯ ನೆತ್ತಿಯ ಮೇಲಲ್ಲ, ಅಂಚಿನ ಪಕ್ಕಕ್ಕೆ ಕೂರಬೇಕು. ಎಷ್ಟು ದೂರಕ್ಕೊಂದು ಹೊಲಿಗೆ ಅನ್ನುವುದು ವಿಮಾನದ ಗರಿಷ್ಠ ವೇಗದ ಮೇಲೆ ನಿಂತಿದೆ, ಪ್ರೊಪೆಲರ್ ಗಾಳಿ ಬೀಸುವ ಭಾಗದಲ್ಲಿ ಇನ್ನೂ ಹತ್ತಿರ. ಹಳೆಯ ಬಟ್ಟೆ ಕೀಳುವ ಮೊದಲು ಮೂಲ ಅಂತರ ಅಳೆದು ಫೋಟೋ ತೆಗೆದಿಡಿ. ಅದಕ್ಕಿಂತ ದೂರ ಮಾಡುವಂತಿಲ್ಲ. ಕೆಲವು ವಿಮಾನಗಳಲ್ಲಿ ಹೊಲಿಗೆ ಬದಲು ಸ್ಕ್ರೂ, ರಿವೆಟ್ ಅಥವಾ ಕ್ಲಿಪ್ ಇರುತ್ತವೆ, ಅಲ್ಲಿ ಅವನ್ನೇ ತರಿಸಿ.

ಇದರ ಮೇಲೆ ಫಿನಿಶಿಂಗ್ ಟೇಪ್, ಅಂಚು ಗರಗಸದಂತೆ ಕತ್ತರಿಸಿದ್ದು. ರಿಬ್‌ಗಳಿಗೆ 2 ಇಂಚಿನದು, ಮುಂದಿನ ಹಿಂದಿನ ಅಂಚುಗಳಿಗೆ 3, 4 ಅಥವಾ 6. ರೆಕ್ಕೆಯ ತುದಿಯಂಥ ತಿರುವುಗಳಿಗೆ ಓರೆಯಾಗಿ ಕತ್ತರಿಸಿದ ಬಯಾಸ್ ಟೇಪ್ ಬೇಕು, ನೇರ ಟೇಪ್ ಅಲ್ಲಿ ಸುಕ್ಕಾಗುತ್ತದೆ. ಬಯಾಸ್ ಟೇಪನ್ನು ಎಳೆದರೆ ಅಗಲ ಕಡಿಮೆಯಾಗುತ್ತದೆ, ಅದಕ್ಕೇ ಒಂದು ಅಳತೆ ದೊಡ್ಡದು ತರಿಸಿ. ಟೇಪ್ ಅಂದಾಜಿಗಿಂತ ಬೇಗ ಮುಗಿಯುತ್ತದೆ. ಕಬ್‌ನ ಒಂದೇ ಒಂದು ಪೂರ್ತಿ ರಿಬ್‌ಗೆ ಮೇಲೆ ಕೆಳಗೆ ಸೇರಿ 3.2 ಮೀಟರ್ ಮೇಲೆ ಬೇಕು. ರಿಬ್ ಎಣಿಸಿ ಗುಣಿಸಿ ನೋಡಿ.

ಸಣ್ಣಪುಟ್ಟವು: ನೀರು ಇಳಿಯಲು ಡ್ರೇನ್ ಗ್ರೊಮೆಟ್, ಪ್ರತಿ ಖಾನೆಯ ತೀರಾ ಕೆಳಗಿನ ಜಾಗಕ್ಕೊಂದು. ಒಳಗೆ ಇಣುಕಲು ಇನ್‌ಸ್ಪೆಕ್ಷನ್ ರಿಂಗ್. ರಿಂಗ್‌ಗಳನ್ನು ಧಾರಾಳವಾಗಿ ಅಂಟಿಸಿಡಿ, ತೂತು ಮಾತ್ರ ಬೇಕಾದಾಗ ಕತ್ತರಿಸಿದರಾಯಿತು. ಅಂಚನ್ನು ಗರಗಸದಂತೆ ಕತ್ತರಿಸುವ ಪಿಂಕಿಂಗ್ ಕತ್ತರಿ ಒಂದು.

ಮೇಲೆ ಹಚ್ಚುವುದು

ಬಟ್ಟೆಗಿಂತ ಖರ್ಚು ಇದಕ್ಕೇ ಜಾಸ್ತಿ, ಉಳಿತಾಯ ಮಾಡುವ ಆಸೆ ಹುಟ್ಟುವುದೂ ಇಲ್ಲೇ. ಪಾಲಿ-ಫೈಬರ್‌ನಲ್ಲಿ ಮೊದಲು ಗುಲಾಬಿ ಬಣ್ಣದ ಪಾಲಿ-ಬ್ರಷ್, ಎಳೆಗಳ ನಡುವೆ ಇಳಿದು ತುಂಬಲು. ಮೊದಲ ಕೋಟ್ ಬ್ರಷ್‌ನಲ್ಲೇ ಹಚ್ಚಬೇಕು, ಸ್ಪ್ರೇ ಮಾಡಿದರೆ ಒಳಗೆ ಇಳಿಯುವುದಿಲ್ಲ. ಈ ಕೋಟ್ ಆದಮೇಲೇ ಹೊಲಿಗೆ, ಟೇಪು. ಆಮೇಲೆ ಬೆಳ್ಳಿ ಬಣ್ಣದ ಪಾಲಿ-ಸ್ಪ್ರೇ, ಕೊನೆಗೆ ಬಣ್ಣ. ಬೆಳ್ಳಿ ಕೋಟ್ ಅಂದಕ್ಕಲ್ಲ. ಪಾಲಿಯೆಸ್ಟರ್‌ಗೆ ಇರುವ ದೊಡ್ಡ ಶತ್ರು ಬಿಸಿಲಿನ ನೇರಳಾತೀತ ಕಿರಣ, ಅದನ್ನು ತಡೆಯುವುದು ಆ ಅಲ್ಯೂಮಿನಿಯಂ ಪುಡಿ. ಪುಡಿ ಡಬ್ಬಿಯ ತಳದಲ್ಲಿ ಕೂತಿರುತ್ತದೆ, ಚೆನ್ನಾಗಿ ಕಲಕದಿದ್ದರೆ ನೀವು ಹಚ್ಚುವುದು ಬರೀ ಮೇಲಿನ ತಿಳಿ. ಕೋಟ್ ಸಾಕಾಯಿತಾ ಅಂತ ತಿಳಿಯಲು ಒಳಗೊಂದು ದೀಪ ಇಟ್ಟು ಹೊರಗಿನಿಂದ ನೋಡಿ. ಬೆಳಕು ತೂರಿ ಬಂದರೆ ಇನ್ನೊಂದು ಕೋಟ್.

ಡೋಪ್ ದಾರಿ ಹಿಡಿದರೆ ಒಂದು ನಿಯಮ ನೆನಪಿರಲಿ. ಡೋಪ್‌ನಲ್ಲಿ ಎರಡು ಬಗೆ, ನೈಟ್ರೇಟ್ ಕೆಳಗೆ, ಬ್ಯುಟಿರೇಟ್ ಮೇಲೆ. ತಿರುಗಾಮುರುಗಾ ಆಗಕೂಡದು. ನೈಟ್ರೇಟ್ ಬಟ್ಟೆಯನ್ನು ಚೆನ್ನಾಗಿ ಹಿಡಿಯುತ್ತದೆ, ಆದರೆ ಭಯಂಕರವಾಗಿ ಉರಿಯುತ್ತದೆ. ಗಾಳಿಯಲ್ಲಿ ತೇವ ಜಾಸ್ತಿ ಇದ್ದ ದಿನ ಡೋಪ್ ಬೂದಿ ಬಳಿದಂತೆ ಬೆಳ್ಳಗಾಗುತ್ತದೆ, ಅದಕ್ಕೆ ಒಣಗುವುದನ್ನು ನಿಧಾನ ಮಾಡುವ ರಿಟಾರ್ಡರ್ ಒಂದು ಡಬ್ಬಿ ಬೇಕು, ಅಥವಾ ಒಣ ದಿನಕ್ಕೆ ಕಾಯುವ ತಾಳ್ಮೆ. ಒರಾಟೆಕ್ಸ್‌ನಲ್ಲಿ ಈ ತಲೆನೋವೇ ಇಲ್ಲ, ಬಟ್ಟೆ ಬಣ್ಣದ ಸಮೇತ ಬರುತ್ತದೆ, ಅಂಟಿಸಿ ಕುಗ್ಗಿಸಿದರೆ ಮುಗಿಯಿತು. ಅಂಗಡಿಯ ಬಿಲ್ಲು ಮಾತ್ರ ದೊಡ್ಡದು. ಸ್ಪ್ರೇ ಮಾಡಲು ಜಾಗ ಇಲ್ಲದವರಿಗೆ ನಾನು ಅದನ್ನೇ ಹೇಳುತ್ತೇನೆ.

ನಿಮ್ಮ ಮೈಗೆ

ಎಂಇಕೆ ಚರ್ಮದ ಮೂಲಕವೂ ಒಳಗೆ ಹೋಗುತ್ತದೆ. ತೆಳ್ಳಗಿನ ನೈಟ್ರೈಲ್ ಗ್ಲೌಸ್ ಅದರ ಮುಂದೆ ಬೇಗ ಸೋಲುತ್ತದೆ, ಬ್ಯುಟೈಲ್ ರಬ್ಬರ್‌ನದು ತನ್ನಿ. ಆರ್ಗ್ಯಾನಿಕ್ ವೇಪರ್ ಫಿಲ್ಟರ್ ಇರುವ ಮಾಸ್ಕ್ ಬೇಕು, ಧೂಳಿನ ಮಾಸ್ಕ್ ಲೆಕ್ಕಕ್ಕಿಲ್ಲ. ಕೊನೆಗೆ ಎರಡು ಭಾಗದ ಪಾಲಿಯುರೆಥೇನ್ ಬಣ್ಣ ಹೊಡೆಯುವ ಆಸೆ ಇದ್ದರೆ ಅದರಲ್ಲಿ ಉಸಿರಿಗೆ ಅಪಾಯವಾದ ಐಸೋಸಯನೇಟ್ ಇರುತ್ತದೆ, ಹೊರಗಿನ ಗಾಳಿ ಕೊಳವೆಯಲ್ಲಿ ಬರುವ ಮುಖವಾಡವೇ ಬೇಕು. ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಿದು ಹೋಗಿ ದೂರದ ಕಿಡಿಯನ್ನೂ ಮುಟ್ಟುತ್ತದೆ. ಆದ್ದರಿಂದ ಕಿಡಿ ಹಾರದ ಫ್ಯಾನ್, ಮುಚ್ಚಳ ಇರುವ ಲೋಹದ ಕಸದ ಡಬ್ಬಿ.

ಕೊಳ್ಳುವ ಕ್ರಮದ ಬಗ್ಗೆ ಒಂದು ಮಾತು. ಬಟ್ಟೆ, ಟೇಪು, ದಾರವನ್ನು ಬಿಸಿಲು ಬೀಳದ ಜಾಗದಲ್ಲಿ ಸುತ್ತಿ ಇಟ್ಟರೆ ಕಾಯುತ್ತವೆ. ಅಂಟು, ದ್ರವಗಳು ಹಳತಾಗುತ್ತವೆ, ಅವನ್ನು ಅಸ್ಥಿಪಂಜರ ಪೂರ್ತಿ ತಯಾರಾದ ಮೇಲೆ ತರಿಸಿ. ಮೊದಲ ಸಲಕ್ಕೆ ರಡ್ಡರ್‌ಗೆ (ಬಾಲದ ಚುಕ್ಕಾಣಿ) ಸಾಕಾಗುವಷ್ಟೇ ತರಿಸಿದರೂ ನಡೆಯುತ್ತದೆ. ಅದು ಸಣ್ಣದು, ಹಾಳಾದರೆ ಕಿತ್ತು ಮತ್ತೆ ಮಾಡಬಹುದು. ಬಣ್ಣ ಒಣಗಿದ ಮೇಲೆ ಏಲರಾನ್, ಎಲಿವೇಟರ್, ರಡ್ಡರ್ ಎಂಬ, ವಿಮಾನವನ್ನು ತಿರುಗಿಸುವ ಭಾಗಗಳ ಸಮತೂಕ ತಯಾರಕರು ಹೇಳಿದ ಮಿತಿಯಲ್ಲಿದೆಯಾ ಪರೀಕ್ಷಿಸಿ, ಯಾಕೆಂದರೆ ಹಿಂದಿನ ಅಂಚಿನಲ್ಲಿ ಕೂತ ಬಣ್ಣದ ತೂಕ ವೇಗದಲ್ಲಿ ಅವನ್ನು ಪಟಪಟ ಬಡಿಯುವಂತೆ ಮಾಡಬಲ್ಲದು. ವಿಮಾನವನ್ನೂ ತಕ್ಕಡಿಗೆ ಏರಿಸಿ, ಹೊಸ ತೂಕವನ್ನು ಪುಸ್ತಕದಲ್ಲಿ ಬರೆದುಕೊಳ್ಳಿ. ಹಳೆಯ ಲೆಕ್ಕ ಇನ್ನು ನಡೆಯುವುದಿಲ್ಲ.