ಚೇಸ್ ಕೌಂಟಿಯ ಚಕ್ಕುಬಂದಿ: ಹುಲ್ಲುಗಾವಲಿನ ಚರಿತ್ರೆ ಬರೆದ ನನ್ನ ಅನುಭವ

ನೌಕರಿಯ ನಿಮಿತ್ತ ಅಮೆರಿಕದ ಕಾನ್ಸಾಸ್ ರಾಜ್ಯದ ಎಂಪೋರಿಯಾಕ್ಕೆ ಬಂದು ನೆಲೆಸಿದ ನನಗೆ, ಪಕ್ಕದ ಚೇಸ್ ಕೌಂಟಿಯ (ಕೌಂಟಿಯೆಂದರೆ ನಮ್ಮ ಜಿಲ್ಲೆಯಂಥ ಆಡಳಿತ ವಿಭಾಗ) ಮೇಲೆ ಮೋಹ ಹುಟ್ಟಿದ್ದು ಅಲ್ಲಿನ ಹುಲ್ಲಿನಿಂದ. ಕಡೂರು ಸೀಮೆಯಲ್ಲಿ ಅಮೃತಮಹಲ್ ಕಾವಲಿನ ಅಂಚಿನಲ್ಲಿ ಬೆಳೆದ ನಾನು ಹುಲ್ಲೆಂದರೆ ಮೊಣಕಾಲೆತ್ತರದ್ದು ಎಂದುಕೊಂಡಿದ್ದೆ. ಇಲ್ಲಿ ಸೆಪ್ಟೆಂಬರ್ ಹೊತ್ತಿಗೆ ಬ್ಲೂಸ್ಟೆಮ್ ಎಂಬ ಹುಲ್ಲು, ಮಳೆ ಚೆನ್ನಾಗಿ ಬಿದ್ದ ವರ್ಷ, ಆಳೆತ್ತರ ನಿಲ್ಲುತ್ತದೆ. ಉತ್ತರ ಅಮೆರಿಕದ ಮಧ್ಯಭಾಗವನ್ನು ಒಂದು ಕಾಲಕ್ಕೆ ಹೊದ್ದಿದ್ದ ಎತ್ತರದ ಹುಲ್ಲಿನ ಬಯಲಿನಲ್ಲಿ ಈಗ ನೂರಕ್ಕೆ ನಾಲ್ಕು ಪಾಲೂ ಉಳಿದಿಲ್ಲ. ಉಳಿದದ್ದರಲ್ಲಿ ಹೆಚ್ಚಿನದು ಈ ಫ್ಲಿಂಟ್ ಹಿಲ್ಸ್ ಗುಡ್ಡಸಾಲಿನಲ್ಲಿದೆ. ಇಂಥ ಕೌಂಟಿಯ ನೆಲ ಮತ್ತು ಜನರ ಕುರಿತು ಒಂದು ಸಣ್ಣ ಚರಿತ್ರೆಯನ್ನು ಸಿದ್ಧಪಡಿಸಲು ನಾನು ಕೆಲವು ವರ್ಷಗಳ ವಾರಾಂತ್ಯಗಳನ್ನು ಕಳೆದೆ. ಆ ಕೆಲಸ ಹೇಗೆ ನಡೆಯಿತು, ಎಲ್ಲಿ ದಾರಿ ತಪ್ಪಿತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ವರ್ಷ ನಾನು ಜನರಿಂದ ಆರಂಭಿಸಿದೆ. ಸ್ಮಶಾನಗಳಲ್ಲಿ ಗೋರಿಕಲ್ಲುಗಳ ಹೆಸರುಗಳನ್ನು ಬರೆದುಕೊಂಡೆ, ಹಳೆಯ ಸ್ಥಳೀಯ ಪತ್ರಿಕೆಗಳನ್ನು ಮೈಕ್ರೋಫಿಲ್ಮಿನಲ್ಲಿ ಓದಿದೆ, ಹಿರಿಯರ ಮನೆಗಳಿಗೆ ಹೋಗಿ ಕುಳಿತು ಮಾತನಾಡಿದೆ. ಕಥೆಗಳೇನೋ ರಾಶಿ ಬಿದ್ದವು, ಆದರೆ ಅವು ಯಾವ ಜಾಗದಲ್ಲಿ ನಡೆದವೆಂಬುದೇ ಗೊತ್ತಾಗುತ್ತಿರಲಿಲ್ಲ. ಅದಕ್ಕಿಂತ ದೊಡ್ಡ ಅವಘಡವೆಂದರೆ, ಒಂದೇ ಹೆಸರಿನ ಇಬ್ಬರು ರೈತರನ್ನು ಒಬ್ಬನೆಂದು ಭಾವಿಸಿ ಬರೆದ ಬರಹವನ್ನು ನಾಲ್ಕು ಜನರಿಗೆ ಹಂಚಿದ್ದೆ. ಎಂಬತ್ತು ದಾಟಿದ ಒಬ್ಬ ಅಜ್ಜಿ ಅದನ್ನು ಓದಿ, ತಮ್ಮ ಮುತ್ತಜ್ಜ ಕಣಿವೆಯಲ್ಲಿ ಜೋಳ ಬೆಳೆದವರೇ ಹೊರತು ಗುಡ್ಡದ ಮೇಲೆ ದನ ಮೇಯಿಸಿದವರಲ್ಲವೆಂದು ಬಹಳ ಮೆಲ್ಲಗೆ ಹೇಳಿದರು. ಜೋರು ಮಾಡಿದ್ದರೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ.

ಆ ವಾರ ಊರಿಗೆ ಫೋನ್ ಮಾಡಿದಾಗ ಈ ಪೇಚನ್ನು ಅಪ್ಪನಿಗೆ ಹೇಳಿದೆ. ಅವರು ನಿವೃತ್ತ ಗ್ರಾಮ ಲೆಕ್ಕಿಗರು. "ಜಮೀನಿನ ಚಕ್ಕುಬಂದಿ ನೋಡದೆ ಮನುಷ್ಯನ ಕಥೆ ಬರೀತೀಯೇನೋ? ಮೊದಲು ನಕಾಶೆ ಹಿಡಿ, ಆಮೇಲೆ ಹೆಸರು ಹುಡುಕು" ಎಂದರು. ಅಲ್ಲಿಂದ ಕೆಲಸದ ದಿಕ್ಕೇ ಬದಲಾಯಿತು.

ಇಲ್ಲಿನ ಸರ್ವೆಯ ಲೆಕ್ಕ ನಮ್ಮ ಸರ್ವೆ ನಂಬರಿನಂತಲ್ಲ. ಹಳ್ಳ, ದಿಣ್ಣೆ, ಬೇಲಿ ಯಾವುದನ್ನೂ ಲೆಕ್ಕಿಸದೆ ನೆಲವನ್ನು ಚದುರಂಗದ ಹಾಸಿನಂತೆ ಕತ್ತರಿಸಿದ್ದಾರೆ. ಆರು ಮೈಲಿ ಚೌಕದ ಒಂದು ಟೌನ್‌ಶಿಪ್, ಅದರೊಳಗೆ ಮೈಲಿ ಚೌಕದ 36 ಸೆಕ್ಷನ್, ಒಂದೊಂದು ಸೆಕ್ಷನ್ 640 ಎಕರೆ, ಅದರ ಕಾಲುಭಾಗ 160 ಎಕರೆ. ಪತ್ರದಲ್ಲಿ "ಟೌನ್‌ಶಿಪ್ 20 ದಕ್ಷಿಣ, ರೇಂಜ್ 8 ಪೂರ್ವ" ಎಂದಿದ್ದರೆ, ನೆಬ್ರಾಸ್ಕದ ಗಡಿಯಿಂದ ದಕ್ಷಿಣಕ್ಕೆ ಇಪ್ಪತ್ತನೆಯ ಸಾಲು, ಸರ್ವೆಗೆ ಆಧಾರವಾಗಿ ಎಳೆದ ಆರನೆಯ ಪ್ರಧಾನ ರೇಖಾಂಶದಿಂದ ಪೂರ್ವಕ್ಕೆ ಎಂಟನೆಯ ಕಂಬಸಾಲು ಎಂದರ್ಥ. ಕಾಲುಭಾಗಗಳನ್ನು ಈಶಾನ್ಯ, ಆಗ್ನೇಯ, ನೈರುತ್ಯ, ವಾಯವ್ಯ ಎಂದು ಗುರುತಿಸುವುದರಿಂದ, ವಾಸ್ತು ಕೇಳಿ ಬೆಳೆದ ನಮ್ಮಂಥವರಿಗೆ ಈ ಪತ್ರಗಳು ಬೇಗ ಒಗ್ಗುತ್ತವೆ.

ನಾನು ಎರಡೇ ಸೆಕ್ಷನ್ ಆರಿಸಿಕೊಂಡೆ: ಒಂದು ಕಾಟನ್‌ವುಡ್ ನದಿಯ ಕಣಿವೆಯದು, ಇನ್ನೊಂದು ಅದರ ಮೇಲಿನ ಗುಡ್ಡದ್ದು. ಕೌಂಟಿಯ ಕೇಂದ್ರವಾದ ಕಾಟನ್‌ವುಡ್ ಫಾಲ್ಸ್‌ನಲ್ಲಿ 1873ರಲ್ಲಿ ಸುಣ್ಣಕಲ್ಲಿನಿಂದ ಕಟ್ಟಿದ ನ್ಯಾಯಾಲಯದ ಕಟ್ಟಡ ಈಗಲೂ ಬಳಕೆಯಲ್ಲಿದೆ. ಜಾನ್ ಹ್ಯಾಸ್ಕೆಲ್ ಎಂಬ ವಾಸ್ತುಶಿಲ್ಪಿಯ ವಿನ್ಯಾಸ. ಒಳಗೆ ಕಪ್ಪು ವಾಲ್‌ನಟ್ ಮರದ ಮೆಟ್ಟಿಲು ಸುತ್ತುತ್ತಾ ಮೇಲೇರುತ್ತದೆ. ಅಲ್ಲಿನ ಜಮೀನು ಪತ್ರಗಳಿಗೆ ಕೊಟ್ಟವರ ಹೆಸರಿನದೊಂದು, ಕೊಂಡವರ ಹೆಸರಿನದೊಂದು ಎಂದು ಎರಡು ಸೂಚಿಗಳಿರುತ್ತವೆ. ಇಂದಿನ ಮಾಲೀಕನಿಂದ ಹಿಡಿದು, ಇವನಿಗೆ ಕೊಟ್ಟವನು ಯಾರು, ಅವನಿಗೆ ಕೊಟ್ಟವನು ಯಾರು ಎಂದು ಹಿಂದಕ್ಕೆ ನಡೆಯಬೇಕು. ಕೊನೆಗೆ ಸಿಗುವುದು ಕೇಂದ್ರ ಸರ್ಕಾರ ಕೊಟ್ಟ ಮೊದಲ ಹಕ್ಕುಪತ್ರ, ಇಲ್ಲವೇ ರೈಲ್ವೆ ಕಂಪನಿಯ ಕ್ರಯಪತ್ರ.

ಈ ಎರಡರ ವ್ಯತ್ಯಾಸದಲ್ಲೇ ಕೌಂಟಿಯ ಅರ್ಧ ಚರಿತ್ರೆಯಿದೆ. ಕಣಿವೆಯ ಸೆಕ್ಷನ್ನಿನ ಕಾಲುಭಾಗಗಳು 1862ರ ಹೋಮ್‌ಸ್ಟೆಡ್ ಕಾಯಿದೆಯಡಿ, ಐದು ವರ್ಷ ಅಲ್ಲೇ ವಾಸವಿದ್ದು ಉತ್ತವರಿಗೆ ಸಿಕ್ಕಿದ್ದವು. ಆಮೇಲೆ ಅಡಮಾನ, ಹರಾಜು, ಪಾಲುಪಟ್ಟಿ ಎಂದು ಕೈ ಬದಲಾಗುತ್ತಲೇ ಹೋದವು. ಗುಡ್ಡದ ಸೆಕ್ಷನ್ನಿನ ಸಂಖ್ಯೆ ಬೆಸವಾಗಿತ್ತು. 1863ರಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸು ರೈಲುಹಾದಿಯ ಎರಡೂ ಬದಿಗೆ ಬೆಸಸಂಖ್ಯೆಯ ಸೆಕ್ಷನ್‌ಗಳನ್ನು ಬಿಟ್ಟುಕೊಟ್ಟಿತ್ತು. ಅವು ಸ್ಯಾಂಟಾ ಫೆ ರೈಲ್ವೆಯ ಪಾಲಾದವು. 1871ರಲ್ಲಿ ಹಳಿ ಈ ಕೌಂಟಿಯನ್ನು ದಾಟಿತು. ಗುಡ್ಡದ ನೆಲವನ್ನು ದನಗಾರರು ಒಟ್ಟಿಗೆ ಕೊಂಡು ಸಾವಿರಾರು ಎಕರೆಯ ರ‍್ಯಾಂಚ್‌ಗಳನ್ನು ಮಾಡಿದರು. ಅಂಥವರಲ್ಲೊಬ್ಬನಾದ ಸ್ಟೀಫನ್ ಜೋನ್ಸ್ 1881ರಲ್ಲಿ ಕಟ್ಟಿಸಿದ ಕಲ್ಲಿನ ಮನೆ, ಮೂರಂತಸ್ತಿನ ಕೊಟ್ಟಿಗೆ, ಮೈಲಿಗಟ್ಟಲೆ ಕಲ್ಲುಬೇಲಿ ಇವತ್ತಿಗೂ ಸ್ಟ್ರಾಂಗ್ ಸಿಟಿಯ ಬಳಿ ನಿಂತಿವೆ; 1996ರಿಂದ ಅದು ಸುಮಾರು 11,000 ಎಕರೆಯ ರಾಷ್ಟ್ರೀಯ ಸಂರಕ್ಷಿತ ಹುಲ್ಲುಗಾವಲು.

ಗುಡ್ಡವನ್ನು ಯಾರೂ ಏಕೆ ಉಳಲಿಲ್ಲ ಎಂಬ ಪ್ರಶ್ನೆಗೆ ಕಾಗದದಲ್ಲಿ ಉತ್ತರವಿರಲಿಲ್ಲ. ರಸ್ತೆಗಾಗಿ ಗುಡ್ಡ ಕಡಿದ ಒಂದು ಜಾಗದಲ್ಲಿ ನಿಂತು ನೋಡಿದಾಗ ಸಿಕ್ಕಿತು: ಒಂದು ಗೇಣಿಗಿಂತ ತೆಳುವಾದ ಕಪ್ಪುಮಣ್ಣು, ಅದರಡಿ ಬಿಳಿಚಿದ ಸುಣ್ಣಕಲ್ಲು, ಆ ಕಲ್ಲಿನೊಳಗೆ ಅಡ್ಡಸಾಲಾಗಿ ಚಕಮಕಿ ಕಲ್ಲಿನ ಉಂಡೆಗಳು. ಸುಣ್ಣಕಲ್ಲು ಮಳೆಗೆ ಸವೆದರೂ ಚಕಮಕಿ ಸವೆಯದೆ ಮೇಲೇ ಉಳಿದು ಹಾಸಿಕೊಳ್ಳುತ್ತದೆ. ನೇಗಿಲ ಮೊನೆ ತಾಕಿದರೆ ಮುರಿಯುವುದು ನೇಗಿಲೇ. 1806ರಲ್ಲಿ ಈ ದಾರಿಯಲ್ಲಿ ನಡೆದುಹೋದ ಸೇನಾಧಿಕಾರಿ, ಅನ್ವೇಷಕ ಜೆಬ್ಯುಲನ್ ಪೈಕ್, ಚಕಮಕಿ ಗುಡ್ಡಗಳಿಂದ ಕಾಲು ಬೊಬ್ಬೆ ಬಂದದ್ದನ್ನು ದಿನಚರಿಯಲ್ಲಿ ಬರೆದುಕೊಂಡಿದ್ದಾನೆ. ಹುಲ್ಲನ್ನು ಉಳಿಸಿದ್ದು ಮನುಷ್ಯರ ವಿವೇಕವೆಂದು ಬರೆಯಲು ನನಗೆ ಆಸೆಯಿತ್ತು, ಆದರೆ ಅದನ್ನು ಉಳಿಸಿದ್ದು ಈ ಕಲ್ಲು.

ಈ ವಿಧಾನದ ಕುರುಡುತನವನ್ನೂ ಹೇಳಲೇಬೇಕು. ಪತ್ರಗಳ ಸರಪಳಿ ಸರ್ಕಾರಿ ಹಕ್ಕುಪತ್ರದಲ್ಲಿ ನಿಂತುಬಿಡುತ್ತದೆ, ಅದಕ್ಕೂ ಮೊದಲು ನೆಲ ಖಾಲಿಯಿತ್ತೆಂಬಂತೆ. ಈ ರಾಜ್ಯಕ್ಕೆ ಹೆಸರು ಬಂದದ್ದೇ ಕಾನ್ಸಾ ಎಂದೂ ಕರೆಯುವ ಕಾ ಎಂಬ ಮೂಲನಿವಾಸಿ ಜನರಿಂದ. 1825 ಮತ್ತು 1846ರ ಒಪ್ಪಂದಗಳಲ್ಲಿ ಅವರ ನಾಡು ಕೈತಪ್ಪುತ್ತಾ ಹೋಯಿತು. ಉತ್ತರದ ಕೌನ್ಸಿಲ್ ಗ್ರೋವ್ ಸುತ್ತ ಉಳಿದಿದ್ದ ತುಂಡನ್ನು 1859ರಲ್ಲಿ ಮತ್ತೆ ಕುಗ್ಗಿಸಿ, 1873ರಲ್ಲಿ ಅವರನ್ನು ಇಂದಿನ ಓಕ್ಲಹೋಮಕ್ಕೆ ಸಾಗಿಸಲಾಯಿತು. ಅದೇ ವರ್ಷ ಈ ನ್ಯಾಯಾಲಯದ ಗೋಪುರ ಮೇಲೆದ್ದಿತು. ಹಾಗಾಗಿ ಎರಡೂ ಸೆಕ್ಷನ್‌ಗಳ ಮಾಲೀಕರ ಪಟ್ಟಿಯನ್ನು ನಾನು ಒಪ್ಪಂದಗಳಿಂದಲೇ ಶುರು ಮಾಡಿದೆ.

ಹೆಸರುಗಳ ಗೊಂದಲ ಬಗೆಹರಿದದ್ದು ಜನಗಣತಿಯಿಂದ. 1890ರ ಕೇಂದ್ರ ಗಣತಿಯ ಹಾಳೆಗಳು 1921ರಲ್ಲಿ ವಾಷಿಂಗ್ಟನ್ನಿನಲ್ಲಿ ಬಿದ್ದ ಬೆಂಕಿಗೆ ಸಿಕ್ಕಿ ಹಾಳಾದದ್ದರಿಂದ, 1880ರಿಂದ 1900ರವರೆಗಿನ ಇಪ್ಪತ್ತು ವರ್ಷ ಸಂಶೋಧಕರಿಗೆ ಕತ್ತಲೆ. ಕಾನ್ಸಾಸ್ ಮಾತ್ರ 1925ರವರೆಗೆ ಹತ್ತು ವರ್ಷಕ್ಕೊಮ್ಮೆ, 5ರಲ್ಲಿ ಮುಗಿಯುವ ವರ್ಷಗಳಲ್ಲಿ, ತನ್ನದೇ ಗಣತಿ ನಡೆಸುತ್ತಿತ್ತು. 1875ರ ನಂತರದ ಹಾಳೆಗಳಲ್ಲಿ ಹುಟ್ಟಿದ ಸ್ಥಳದ ಜೊತೆಗೆ ಕಾನ್ಸಾಸಿಗೆ ಎಲ್ಲಿಂದ ಬಂದರೆಂಬ ಅಂಕಣವೂ ಇದೆ. ನನ್ನ ಇಬ್ಬರು ರೈತರಲ್ಲಿ ಒಬ್ಬ ಇಲಿನಾಯ್‌ನಿಂದ, ಇನ್ನೊಬ್ಬ ಮಿಸೌರಿಯಿಂದ ಬಂದವನೆಂದು ಆ ಅಂಕಣವೇ ಬಿಡಿಸಿ ತೋರಿಸಿತು. ಒಟ್ಟು ಜನಸಂಖ್ಯೆಯ ಕಥೆ ಮಾತ್ರ ಎರಡೇ ಅಂಕಿಗಳದ್ದು: 1900ರಲ್ಲಿ 8,246, 2020ರಲ್ಲಿ 2,572. ನಮ್ಮಲ್ಲಿ ಒಂದು ದೊಡ್ಡ ಹಳ್ಳಿಯಷ್ಟು ಜನ ಸುಮಾರು 2,000 ಚದರ ಕಿಲೋಮೀಟರಿನಲ್ಲಿ.

ಹೊರಗಿನವರು ಈ ಕೌಂಟಿಯನ್ನು ಬಲ್ಲದ್ದು ಹೆಚ್ಚಾಗಿ 1931ರ ಮಾರ್ಚ್ 31ರಂದು ಬಜಾರ್ ಎಂಬ ಹಳ್ಳಿಯ ಬಳಿ ನಡೆದ ವಿಮಾನ ದುರಂತದಿಂದ. ಫುಟ್‌ಬಾಲ್ (ಅಮೆರಿಕದ ಬಗೆಯದು) ತರಬೇತುದಾರ ನ್ಯೂಟ್ ರಾಕ್ನಿ ಸೇರಿ ಎಂಟು ಜನ ತೀರಿಕೊಂಡರು. ನನ್ನ ಬರಹದಲ್ಲಿ ಅದಕ್ಕೆ ಒಂದು ಪ್ಯಾರಾ ಕೊಟ್ಟು, ಬಜಾರ್‌ನ ದನದ ದೊಡ್ಡಿಗಳಿಗೆ ಮೂರು ಪುಟ ಕೊಟ್ಟೆ. ಟೆಕ್ಸಾಸಿನ ಬಡಕಲು ದನಗಳು ರೈಲಿನಲ್ಲಿ ಬಂದಿಳಿದು, ಬೇಸಿಗೆಯಿಡೀ ಈ ಹುಲ್ಲು ಮೇಯ್ದು, ದುಂಡಗಾಗಿ ಮತ್ತೆ ರೈಲು ಹತ್ತುತ್ತಿದ್ದದ್ದು ಅಲ್ಲೇ.

ಕ್ಷೇತ್ರಕಾರ್ಯಕ್ಕೆ ಸರಿಯಾದ ಕಾಲ ಯಾವುದೆಂದು ಹೇಳಿಕೊಟ್ಟವರೂ ಆ ಅಜ್ಜಿಯೇ. ಮಾರ್ಚ್ ಕೊನೆಯಿಂದ ಏಪ್ರಿಲ್‌ವರೆಗೆ ಇಲ್ಲಿ ಹುಲ್ಲಿಗೆ ಬೆಂಕಿ ಕೊಡುತ್ತಾರೆ. ಒಣಹುಲ್ಲೂ ಮರದ ಸಸಿಗಳೂ ಸುಟ್ಟು, ಹೊಸ ಚಿಗುರು ಬೇಗ ಬರುತ್ತದೆ. ಸುಟ್ಟ ಮೇಲೆ ಚಿಗುರು ಏಳುವುದರೊಳಗಿನ ಹತ್ತು ದಿನ ಹಳೆಯ ಮನೆಗಳ ಪಾಯ ಕಣ್ಣಿಗೆ ಬೀಳುತ್ತದೆ, ಉಳಿದ ಕಾಲವೆಲ್ಲ ಹುಲ್ಲು ಮುಚ್ಚಿರುತ್ತದೆ. ಮುಂದಿನ ಏಪ್ರಿಲ್‌ನಲ್ಲಿ ಜಮೀನಿನವರ ಅಪ್ಪಣೆ ಪಡೆದು, ನಕಾಶೆ ಹಿಡಿದು ಇಬ್ಬರೂ ಅವರ ಮುತ್ತಜ್ಜನ ವಾಯವ್ಯ ಕಾಲುಭಾಗಕ್ಕೆ ಹೋದೆವು. ಕರಿ ನೆಲದ ಮೇಲೆ ಬಿಳಿ ಕಲ್ಲಿನ ನಾಲ್ಕು ಗೆರೆ, ಪಕ್ಕದಲ್ಲಿ ಕಲ್ಲು ಕಟ್ಟಿದ ಬಾವಿಯ ಬಾಯಿ. ಅಜ್ಜಿ ಊರುಗೋಲನ್ನು ಪಾಯದ ಮೂಲೆಯಲ್ಲಿ ಊರಿ ನಿಂತರು. ನಾನು ಹೆಜ್ಜೆ ಹಾಕಿ ಅಳೆದೆ. ಉದ್ದ ಎಂಟು ಹೆಜ್ಜೆ, ಅಗಲ ಐದು.